ಅರ್ಧ ಸಾಮಾನು ಕೊಡುವ ದೊಡ್ಡವ್ವ

ನಮ್ಮ ದೊಡ್ಡವ್ವ ಇಂಡಿ ಊರಿನಲ್ಲಿ ಯಾರಿಗೂ ಯಾವ ಸಾಮಾನನ್ನೂ ಇವತ್ತಿನವರೆಗೆ ಪೂರ್ತಿಯಾಗಿ ಕೊಟ್ಟವಳಲ್ಲ. ಜಿಪುಣಿ ಅಂತ ತಿಳಿಯಬೇಡಿ. ಕೇಳಿದವರಿಗೆ ಕೊಡುತ್ತಾಳೆ, ಕೇಳದವರನ್ನೂ ಕರೆದು ಕೊಡುತ್ತಾಳೆ. ಆದರೆ ಶಾವಿಗೆ ಮಷೀನು ಕೊಟ್ಟರೆ ಅದರ ಹಿಡಿಕೆ ಕೊಡುವುದಿಲ್ಲ. ಕುಕ್ಕರ್ ಕೊಟ್ಟರೆ ಸೀಟಿ ಕೊಡುವುದಿಲ್ಲ. ಕೊಡಲಿ ಕೊಟ್ಟರೆ ಅದರ ಕಾವು ನಮ್ಮ ಮನೆಯ ಅಟ್ಟದ ಮೇಲೆಯೇ ಮಲಗಿರುತ್ತದೆ. ಒಮ್ಮೆ ಹಿಂದಿನ ಓಣಿಯವನೊಬ್ಬ ಬೀಸುವ ಕಲ್ಲನ್ನು ತಲೆಯ ಮೇಲೆ ಹೊತ್ತು, ಕುತ್ತಿಗೆಯನ್ನು ಆಮೆಯಂತೆ ಒಳಗೆ ಸೇರಿಸಿಕೊಂಡು ಹೇಗೋ ಮನೆ ಮುಟ್ಟಿದ. ಇಳಿಸಿ ನೋಡುತ್ತಾನೆ, ತಿರುಗಿಸಲು ಗೂಟವೇ ಇಲ್ಲ. ಮತ್ತೆ ಬಂದ. ಆಗ ದೊಡ್ಡವ್ವ ಗೂಟವನ್ನು ಸೆರಗಿನಿಂದ ಒರೆಸಿ, ಅದು ಅವನಿಗಾಗಿ ಮೊದಲೇ ತೆಗೆದಿಟ್ಟದ್ದೇನೋ ಎನ್ನುವಂತೆ ಕೊಟ್ಟಳಂತೆ.

ನಾನು ಈ ಮನೆಗೆ ಹೊಸದಾಗಿ ಬಂದಾಗ ಈ ಕಥೆಗಳನ್ನು ಕೇಳಿ ಇದನ್ನು ಮರೆವು ಅಂದುಕೊಂಡೆ.

"ದೊಡ್ಡವ್ವಾ, ನಿನಗ ಮರವು ಹತ್ತೇತಿ. ಡಾಕ್ಟರ್ ಕಡೆ ಹೋಗೂಣು ನಡಿ."

"ಮರವು ನಿಮ್ಮಪ್ಪಗ ಹತ್ತೇತಿ," ಅಂದಳು. "ಎಲ್ಲಾ ಒಮ್ಮೇಲೆ ಕೊಟ್ಟಬಿಟ್ರ ಮನಷ್ಯಾ ಬಾಗಲದಾಗ ನಿಂತು ಇಸಗೊಂಡು ಹಂಗ ಹೋಗಿಬಿಡ್ತಾನ. ಹಿಡಿಕಿ ಸಲುವಾಗಿ ಹೊಳ್ಳಿ ಬಂದಾಗ ಕುಂದರ್ತಾನ. ಕುಂತ ಮ್ಯಾಲೆ ಚಾ ಕುಡೀತಾನ. ಚಾ ಕುಡದ ಮ್ಯಾಲೆ ಮನಿ ಸುದ್ದಿ ಹೇಳ್ತಾನ. ತಿಳೀತಿಲ್ಲೊ?"

ತಿಳಿಯಿತು. ಊರಿಗೆಲ್ಲ ಮರೆವಿನ ಮುದುಕಿ ಎನಿಸಿಕೊಂಡವಳು ಊರನ್ನೇ ಎರಡೆರಡು ಸಲ ತನ್ನ ಕಟ್ಟೆ ಹತ್ತಿಸುತ್ತಿದ್ದಳು.

ಸಾಮಾನುಗಳೆಲ್ಲ ದೊಡ್ಡಪ್ಪನವು. ಆತ ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದ. ಕೆಟ್ಟ ಬಸ್ಸುಗಳು ಅಲ್ಲಿ ರಿಪೇರಿಯಾಗುತ್ತಿದ್ದವು, ಓಣಿಯಲ್ಲಿ ಕೆಟ್ಟದ್ದೆಲ್ಲ ಈ ಮನೆಯಲ್ಲಿ. ಮಕ್ಕಳಿಲ್ಲದ ಮನೆ. ಒಂದು ಗೋಡೆಯ ತುಂಬ ನಟ್ಟು ಬಿಚ್ಚುವ ಪಾನಾ, ತಂತಿ ಹಿಡಿಯುವ ಪಕ್ಕಡ, ಗರಗಸ, ಸುತ್ತಿಗೆಗಳು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ತೂಗುತ್ತವೆ, ಗ್ರೂಪ್ ಫೋಟೊಕ್ಕೆ ನಿಂತ ಹುಡುಗರ ಹಾಗೆ. ಆತ ತೀರಿಹೋದ ಮೇಲೂ ದೊಡ್ಡವ್ವ ವಾರ ತಪ್ಪದೆ ಅವಕ್ಕೆ ಎಣ್ಣೆ ಹಚ್ಚುತ್ತಾಳೆ. ನನ್ನ ತಲೆಗೆ ಹುಟ್ಟಿದಾಗಿನಿಂದ ಅಷ್ಟು ನಿಯಮವಾಗಿ ಯಾರೂ ಎಣ್ಣೆ ಹಚ್ಚಿಲ್ಲ.

ಇಂಥ ಮನೆಗೆ ಮುದ್ದೇಬಿಹಾಳದಿಂದ ನಾನು ಬಂದು ಬಿದ್ದೆ. ಇಲ್ಲಿಗೆ ಹತ್ತಿರದ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಕೆಲಸ. "ದೊಡ್ಡವ್ವಗ ಒಂದು ಆಸರಾ ಆಕ್ಕೈತಿ" ಎಂದು ನಮ್ಮವ್ವ ನನ್ನನ್ನು ಕಳಿಸಿದಳು. ಯಾರು ಯಾರಿಗೆ ಆಸರೆ ಎನ್ನುವುದು ಮೊದಲ ದಿನವೇ ಇತ್ಯರ್ಥವಾಯಿತು. ನಳದ ಕೆಳಗೆ ಕೂತಿದ್ದ ದೊಡ್ಡವ್ವ "ಪಾನಾ ತಾರೊ" ಅಂದಳು. ನಾನು ಪಕ್ಕಡ ಒಯ್ದೆ. "ಇದಲ್ಲೊ" ಅಂದಳು. ಗರಗಸ ಒಯ್ದೆ. ಆಕೆ ನನ್ನನ್ನೂ ಗರಗಸವನ್ನೂ ನೋಡಿ, "ನಳಾ ಬಿಚ್ಚಬೇಕಾಗೇತಿ ತಮ್ಮಾ, ಕಡೀಬೇಕಾಗಿಲ್ಲ" ಅಂದಳು. ಕೊನೆಗೆ ತಾನೇ ಎದ್ದು ಪಾನಾ ತಂದಳು. ಬಿ.ಕಾಂ. ಓದಿದವನಿಂದ ನೀವಾದರೂ ಇನ್ನೇನು ನಿರೀಕ್ಷಿಸುತ್ತೀರಿ?

ಲಿಂಬೆ ಉಪ್ಪಿನಕಾಯಿ ಹಾಕುವ ದಿನದ ಕಥೆ ಇದಕ್ಕಿಂತ ಕೆಟ್ಟದ್ದು. ಇಂಡಿಯಲ್ಲಿ ಲಿಂಬೆಗೇನು ಬರ, ಬುಟ್ಟಿ ತುಂಬ ಬಂದಿತ್ತು. ನನ್ನ ಮುಂದೆ ಈಳಿಗೆ ಇಟ್ಟು ದೊಡ್ಡವ್ವ ಒಗ್ಗರಣೆಗೆ ಎದ್ದು ಹೋದಳು. ನಾನು ಈಳಿಗೆಯ ಮಣೆಯನ್ನು ಬೈಕಿನಂತೆ ಎರಡೂ ಕಾಲಿನ ನಡುವೆ ಹಿಡಿದು, ಭಾರಿ ಭಕ್ತಿಯಿಂದ ಹಣ್ಣನ್ನು ಅಲಗಿಗೆ ಒತ್ತಿದೆ. ಅಲಗಿನ ಬೆನ್ನಿಗೆ, ಅಂದರೆ ಮೊಂಡು ಕಡೆಗೆ. ನಾನು ಕೂತದ್ದೇ ಉಲ್ಟಾ. ಹಣ್ಣು ಹೋಳಾಗಲಿಲ್ಲ, ಪಟಕ್ಕನೆ ಒಡೆದು ಕಣ್ಣಿಗೆ ಹಾರಿತು. ಇನ್ನೊಂದು ಒತ್ತಿದೆ, ಇನ್ನೊಂದು ಕಣ್ಣಿಗೆ ಹಾರಿತು. ನಾನು ಕುರುಡನಾಗಿ ಗೋಡೆ ಹಿಡಿದು ಅಡುಗೆಮನೆ ಮುಟ್ಟಿದಾಗ ದೊಡ್ಡವ್ವ ಕೇಳಿದಳು:

"ಕೊಯ್ಯಾಕ ಹೇಳಿದ್ನೊ, ಸರಬತ್ತಿನಾಗ ಜಳಕಾ ಮಾಡಾಕ ಹೇಳಿದ್ನೊ?"

ಆಮೇಲೆ ನನ್ನ ಕೈಯನ್ನು ಬೆಳಕಿಗೆ ಹಿಡಿದು, ಬೆರಳುಗಳನ್ನು ತಿರುವಿ ತಿರುವಿ ನೋಡಿದಳು. "ಬೆರಳ ಭಾಳ ಛಲೋ ಅದಾವ. ಆದ್ರ ಇವು ಬರೇ ಗಾಜ ತಿಕ್ಕಾಕ ಹುಟ್ಟ್ಯಾವ."

ಗಾಜು ಅಂದರೆ ಮೊಬೈಲು. ತಿಕ್ಕುವುದರಲ್ಲಿ ಮಾತ್ರ ನಾನು ಓಣಿಗೇ ಗುರು. ಅಷ್ಟು ತಿಕ್ಕಿದರೂ ನನಗೆ ದಿನಾಲೂ ತಾವಾಗಿ ಫೋನ್ ಮಾಡುವವರು ಒಬ್ಬರೇ. ಕಾಲರ್ ಟ್ಯೂನ್ ಬೇಕೇ, ಬೇಕಾದರೆ ಒಂದು ಒತ್ತಿ ಎನ್ನುವ ಹೆಣ್ಣುದನಿ. ಆಕೆಯ ಮಾತನ್ನೂ ಕೆಲವು ಸಲ ನಾನು ಪೂರ್ತಿ ಕೇಳಿಸಿಕೊಂಡದ್ದುಂಟು. ಇದನ್ನು ಮುದ್ದೇಬಿಹಾಳದ ಗೆಳೆಯರಿಗೆ ಹೇಳಬೇಡಿ.

ಇಷ್ಟು ನಗೆಯ ಮಾತು. ಇನ್ನು ನಗದೆ ಹೇಳಬೇಕಾದದ್ದೆಂದರೆ, ದೊಡ್ಡವ್ವನ ಮನೆಗೆ ಸಾಮಾನು ಕೇಳಿಕೊಂಡು ಜನ ಬರುವುದೇ ನಿಂತುಹೋಗಿತ್ತು.

ಮೊದಲು ಬೇಸಿಗೆ ಬಂದರೆ ಶಾವಿಗೆ ಮಷೀನಿಗೆ ಪಾಳಿ ಹಚ್ಚುತ್ತಿದ್ದರಂತೆ. ಈ ಬೇಸಿಗೆ ಅದು ಮಲಗುವ ಹೊರಸಿನ ಕಾಲಿಗೆ ಬಿಗಿದುಕೊಂಡು, ಹಿಡಿಕೆ ಸಮೇತ, ಹಾಗೆಯೇ ಕೂತಿತ್ತು. ಶಾವಿಗೆ ಈಗ ಅಂಗಡಿಯಲ್ಲಿ ಪಾಕೀಟಿನಲ್ಲಿ ಸಿಗುತ್ತದೆ. ಹಿಟ್ಟಿಗೆ ಗಿರಣಿ ಇದೆ. ಸೀಟಿ ಕಳೆದರೆ ಹೊಸ ಕುಕ್ಕರ್ ಬರುತ್ತದೆ. ಇನ್ನುಳಿದದ್ದನ್ನೆಲ್ಲ ಮೊಬೈಲಿನಲ್ಲಿ ಒತ್ತಿದರೆ ಒಬ್ಬ ಹುಡುಗ ಬೈಕಿನ ಮೇಲೆ ತಂದು, ಫೋಟೊ ಹೊಡೆದುಕೊಂಡು, ನೀರು ಸಹ ಕೇಳದೆ ಹೋಗುತ್ತಾನೆ. ಆದರೂ ದೊಡ್ಡವ್ವ ಬೆಳಿಗ್ಗೆ ಮುಖ ತೊಳೆದು, ಸೆರಗು ಸರಿಮಾಡಿಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದಳು. ಒಳಗೆ ಚಹಾ ಮಾತ್ರ ಹಳೆಯ ಲೆಕ್ಕದಲ್ಲೇ ಕುದಿಯುತ್ತಿತ್ತು. ಬರಬೇಕಾದವರ ಪಾಲನ್ನೆಲ್ಲ ನಾನೇ ಕುಡಿದೆ. ಆ ಬೇಸಿಗೆಯಲ್ಲಿ ನನ್ನ ಹೊಟ್ಟೆಯ ಉರಿಗೆ ಬಿಸಿಲು ಕಾರಣವಲ್ಲ.

"ಯಾರರ ಬಂದಿದ್ರೇನೊ?" ಸಂಜೆ ನಾನು ಬಂದ ಕೂಡಲೇ ಕೇಳುತ್ತಿದ್ದಳು.

"ನಾ ಈಗ ಬಂದೇನಿ. ನೀನ ಮನ್ಯಾಗಿದ್ದಿ."

"ಹೌದಲ್ಲ," ಅನ್ನುತ್ತಿದ್ದಳು. "ನಾ ಹಿತ್ತಲದಾಗ ಇದ್ದಾಗ ಯಾರರ ಬಂದು ಹೋದ್ರೇನೋ ಅಂತ."

ಇದನ್ನು ಕೇಳಿ ಕೇಳಿ ನನ್ನೊಳಗಿನ ಸಮಾಜಸೇವಕ ಎದ್ದ. ಅವನು ಎದ್ದಾಗಲೆಲ್ಲ ಏನಾದರೊಂದು ಅನಾಹುತ ಆಗಿಯೇ ತೀರುತ್ತದೆ. ಗೋಡೆಯ ಮೇಲಿನ ಸಾಮಾನುಗಳ ಫೋಟೊ ತೆಗೆದು, "ಎಲ್ಲ ಸಾಮಾನು ಲಭ್ಯ, ಬಂದು ಒಯ್ಯಿರಿ" ಎಂದು ಬರೆದು ಓಣಿಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹೆಬ್ಬೆರಳುಗಳು ಬಂದವು. ಮುಗಿದ ಕೈಗಳು ಬಂದವು. ಒಬ್ಬರು ಗುಲಾಬಿ ಹೂವಿನ ಶುಭೋದಯ ಕಳಿಸಿದರು. ಕಾಲಿನ ಮೇಲೆ ನಡೆದು ಬಂದದ್ದು ಒಬ್ಬನೇ. ಅವನು ತಳ್ಳುಗಾಡಿಯ ಮೋಡಕಾದವನು, ಅಂದರೆ ಹಳೆಯ ಕಬ್ಬಿಣ ಕೊಳ್ಳುವವನು.

"ಎಲ್ಲಾ ಒಮ್ಮೇಲೆ ಕೊಡ್ತೀರೇನ್ರಿ, ಒಂದೊಂದ ಕೊಡ್ತೀರಿ?" ಅಂದ.

ಈಗ ದೊಡ್ಡವ್ವ ಇವನ ಜೊತೆಗೆ ನನ್ನನ್ನೂ ಗಾಡಿಗೆ ಹಾಕುತ್ತಾಳೆ ಅಂದುಕೊಂಡೆ. ಆಕೆ ಅವನನ್ನು ನೋಡಿದಳು, ಅವನ ಗಾಡಿಯನ್ನು ನೋಡಿದಳು. "ಮಾರೂದೇನಿಲ್ಲಪಾ," ಅಂದಳು. "ಬಂದೀದಿ, ಚಾ ಕುಡದ ಹೋಗು." ಅವನು ಕೂತ. ಎರಡು ಕಪ್ಪು ಕುಡಿದ. ಸಿಂದಗಿಯಲ್ಲಿರುವ ಮಗಳು, ಅಳಿಯನ ಸಿಟ್ಟು, ತನ್ನ ಮೊಣಕಾಲ ನೋವು, ಎಲ್ಲ ಹೇಳಿದ. ಹೋಗುವಾಗ ಗಾಡಿಯ ಮಾಲು ಕಟ್ಟಲು ಆಕೆ ಒಂದು ಹಗ್ಗ ಕೊಟ್ಟಳು. ಹಗ್ಗದಲ್ಲಿ ಅರ್ಧ ಏನನ್ನು ತೆಗೆದಿಡುವುದು? ಹಗ್ಗ ಪೂರ್ತಿ ಹೋಯಿತು. ಅವನು ಹೊಳ್ಳಿ ಬರಲಿಲ್ಲ. ಆದರೂ ವಾರಗಟ್ಟಲೆ ಓಣಿಯಲ್ಲಿ ತಳ್ಳುಗಾಡಿಯ ಸಪ್ಪಳ ಕೇಳಿದರೆ ಸಾಕು, ದೊಡ್ಡವ್ವ ಕುತ್ತಿಗೆ ಎತ್ತಿ ನೋಡುತ್ತಿದ್ದಳು.

ಅಷ್ಟರಲ್ಲಿ ಎದುರು ಮನೆಗೆ ಹೊಸ ಜೋಡಿ ಬಾಡಿಗೆಗೆ ಬಂತು. ಗಂಡ ಬೆಳಿಗ್ಗೆ ಸಿಂದಗಿಯ ಬಸ್ಸು ಹಿಡಿದರೆ ಸಂಜೆಗೇ ಬರುವುದು. ಹೆಂಡತಿ ಬಸವನ ಬಾಗೇವಾಡಿಯ ಕಡೆಯ ಹುಡುಗಿ. ಮದುವೆಯಾಗಿ ಆಗಷ್ಟೇ ಊರು ಬಿಟ್ಟು ಬಂದವಳು. ದಿನವಿಡೀ ಬಾಗಿಲು ಮುಚ್ಚಿಕೊಂಡು ಒಳಗಿರುತ್ತಿದ್ದಳು. ದೊಡ್ಡವ್ವನ ಮುಖಕ್ಕೆ ಕಳೆ ಬಂತು. ಹೊಸ ಸಂಸಾರ ಅಂದರೆ ಸುಮ್ಮನೆಯೇ? ಮೊಳೆ ಹೊಡೆಯಬೇಕು, ಹಗ್ಗ ಕಟ್ಟಬೇಕು, ಅಟ್ಟ ಹತ್ತಬೇಕು. ಏಣಿ ತೆಗೆದು ಒರೆಸಿ ಬಾಗಿಲ ಹತ್ತಿರವೇ ನಿಲ್ಲಿಸಿದಳು. ಅದರ ಒಂದು ಮೆಟ್ಟಿಲು ಬಿಚ್ಚಿ ಒಳಗಿಟ್ಟಳು ಕೂಡ.

ಆಗ ಎದುರು ಮನೆಯಿಂದ ಗರ್ರ್ ಎಂದು ಸದ್ದು ಬಂತು.

"ಏನೋ ಅದು?"

"ಡ್ರಿಲ್ ಮಷೀನ ದೊಡ್ಡವ್ವ. ಗ್ವಾಡಿಗಿ ತೂತು ಹಾಕಾಕತ್ತಾರ."

"ಒಂದ ಮೊಳಿ ಬಡ್ಯಾಕ ಇಷ್ಟು ಒದರಬೇಕೇನು?" ಅಂದಳು. ಏಣಿಯನ್ನು ಮತ್ತೊಮ್ಮೆ ಒರೆಸುತ್ತ, "ನಿಮ್ಮ ದೊಡ್ಡಪ್ಪ ಮೊಳಿ ಹೊಡದ್ರ ಗ್ವಾಡಿಗೂ ತಿಳೀತಿರಲಿಲ್ಲ" ಅಂದಳು.

ಮರುದಿನ ಆ ಹುಡುಗಿ ಹೊಸ್ತಿಲಿಗೆ ನೀರು ಹಾಕುವಾಗ ದೊಡ್ಡವ್ವ ಕಟ್ಟೆಯಿಂದಲೇ ಕೂಗಿ ಹೇಳಿದಳು, "ಏನರ ಬೇಕಾದ್ರ ಸಂಕೋಚ ಮಾಡಬ್ಯಾಡ್ವಾ. ಏಣಿ ಐತಿ, ಸುತ್ತಿಗಿ ಐತಿ, ಶಾವಿಗಿ ಮಷೀನ ಐತಿ."

"ಎಲ್ಲಾ ಐತ್ರಿ ಆಯಿ," ಅಂದಳು ಹುಡುಗಿ ನಗುತ್ತ. "ಲಗ್ನದಾಗ ಎಲ್ಲಾ ಬಂದಾವ್ರಿ."

ಒಳ್ಳೆಯ ಮಾತೇ. ಸೌಜನ್ಯದ ಮಾತೇ. ಹುಡುಗಿ ಒಳಗೆ ಹೋದಳು, ಬಾಗಿಲು ಮುಚ್ಚಿತು. ದೊಡ್ಡವ್ವ ಏಣಿಯನ್ನು ಎತ್ತಿ ಹಿತ್ತಲಿಗೆ ಒಯ್ದಳು. ನಾನು ಹಿಡಿಯಲು ಹೋದರೆ, "ಬಿಡು, ನೀ ಹಿಡದ್ರ ಇನ್ನೊಂದ ಮೆಟ್ಟಲಾ ಬಿಚ್ಚತೈತಿ" ಅಂದಳು. ಅದು ತಮಾಷೆಯ ಮಾತು. ಯಾಕೋ ಇಬ್ಬರಿಗೂ ನಗು ಬರಲಿಲ್ಲ. ಅವತ್ತು ಮೊದಲ ಸಲ ಚಹಾ ನಮ್ಮಿಬ್ಬರಿಗಾಗುವಷ್ಟೇ ಕುದಿಯಿತು.

ರವಿವಾರ ಬಂತು. ನಾನು ಕಟ್ಟೆಯ ಮೇಲೆ ಕೂತು ನನ್ನ ಗಾಜನ್ನು ತಿಕ್ಕುತ್ತಿದ್ದೆ. ದೊಡ್ಡವ್ವ ಇಳಕಲ್ ಸೀರೆ ಉಟ್ಟು, ತಲೆ ಬಾಚಿ, ಕೈ ಬೀಸಿಕೊಂಡು ಹೊರಗೆ ಬಂದಳು. ಎಲ್ಲಿಗೆ ಅಂತ ಕೇಳುವುದರೊಳಗೆ ರಸ್ತೆ ದಾಟಿ ಎದುರು ಮನೆಯ ಬಾಗಿಲು ತಟ್ಟಿದಳು. ಬಾಗಿಲು ತೆರೆಯಿತು. ಜೀವಮಾನದಲ್ಲಿ ಯಾರ ಮನೆಯಿಂದಲೂ ಒಂದು ಗುಂಡುಸೂಜಿ ಕೇಳಿ ತಂದವಳಲ್ಲ, ಆಕೆ ಹೇಳಿದ್ದು ನನಗೆ ಇಲ್ಲಿಗೇ ಕೇಳಿಸಿತು:

"ಯವ್ವಾ, ಸುತ್ತಿಗಿ ಇದ್ರ ಒಂದೀಟ ಕೊಡ್ತೀಯೇನ್?"

ಹುಡುಗಿ "ಒಳಗ ಬರ್ರಿ ಆಯಿ" ಅಂದಳು. ದೊಡ್ಡವ್ವ ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು. ನಾನು ಮೊಬೈಲು ಹಿಡಿದುಕೊಂಡಿದ್ದೆ, ಏನು ನೋಡುತ್ತಿದ್ದೆನೋ ತಿಳಿಯಲಿಲ್ಲ. ಆಕೆ ಹೊರಗೆ ಬಂದಾಗ ಬಿಸಿಲು ಕಟ್ಟೆಗೆ ಏರಿತ್ತು. ಕೈಯಲ್ಲಿ ಕೆಂಪು ರಬ್ಬರ್ ಹಿಡಿಕೆಯ ಹೊಸ ಸುತ್ತಿಗೆ. ನನ್ನ ಮುಖ ನೋಡದೆ ಒಳಗೆ ನಡೆದಳು.

ಹಿಂದೆಯೇ ಹುಡುಗಿ ಬಂದಳು. ಅವಳ ಕೈಯಲ್ಲಿ ದೊಡ್ಡವ್ವ ಮರೆತು ಬಂದಿದ್ದ, ಕಣ್ಣಿಗೆ ಹಾಕುವ ಚಾಳೀಸು. ಅದನ್ನು ನನಗೆ ಕೊಡುತ್ತ ಕೇಳಿದಳು:

"ನಿಮ್ಮನ್ಯಾಗ ಸುತ್ತಿಗಿ ಇಲ್ಲೇನ್ರಿ? ಆಯಿ ಅವತ್ತ ಐತಿ ಅಂದಿದ್ರು."

ನನ್ನ ಬೆನ್ನ ಹಿಂದೆ ಬಾಗಿಲು ತೆರೆದಿತ್ತು. ಅದರ ನೇರಕ್ಕೇ ಗೋಡೆ. ಗೋಡೆಯ ತುಂಬ ಎಣ್ಣೆ ಹಚ್ಚಿಸಿಕೊಂಡು ಮಿರಿಮಿರಿ ಮಿಂಚುವ ಸುತ್ತಿಗೆಗಳು. ದೊಡ್ಡವ್ವನ ಗುಟ್ಟು ಒಡೆಯಲು ನನ್ನಂಥ ವಾಚಾಳಿಗೆ ಇಂಥ ಅವಕಾಶ ಜನ್ಮದಲ್ಲಿ ಮತ್ತೊಮ್ಮೆ ಸಿಗುತ್ತದೆಯೇ?

"ಇಲ್ರಿ," ಅಂದೆ.

ಹುಡುಗಿ ನನ್ನ ಭುಜದ ಮೇಲಿಂದ ಒಳಗೆ ನೋಡಿದಳು. ಸುತ್ತಿಗೆಗಳ ಸಾಲನ್ನು ಒಂದೊಂದಾಗಿ ನೋಡಿದಳು.

"ಹಂಗಾರ ಅವಸರ ಇಲ್ರಿ," ಅಂದಳು. "ನೀವು ಮಾತ್ರ ತರಬ್ಯಾಡ್ರಿ. ಆಯಿ ಕೈಲೇ ಕಳಸ್ರಿ. ಮಧ್ಯಾಹ್ನದಾಗ ನಾ ಒಬ್ಬಾಕಿನ ಇರ್ತೇನಿ."

ನಾನು ಒಳಗೆ ಹೋದೆ. ದೊಡ್ಡವ್ವ ಹೊರಸಿನ ಮೇಲೆ ಕೂತಿದ್ದಳು. ಮೊಳೆಯೂ ಇಲ್ಲ, ಹೊಡೆಯಬೇಕಾದ ಗೋಡೆಯೂ ಇಲ್ಲ. ಸುತ್ತಿಗೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದಕ್ಕೆ ಅಂಟಿದ್ದ ಅಂಗಡಿಯ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಒತ್ತಿ ಸರಿಯಾಗಿ ಅಂಟಿಸುತ್ತಿದ್ದಳು.

"ಕೆಲಸ ಮುಗದಿದ್ರ ಕೊಡು, ಕೊಟ್ಟ ಬರ್ತೇನಿ," ಅಂದೆ. ಚೇಷ್ಟೆಯ ಚಟ, ಬಾಯಿ ಸುಮ್ಮನಿರಬೇಕಲ್ಲ.

ಆಕೆ ಸುತ್ತಿಗೆಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇವತ್ತ ಕೊಟ್ಟಬಿಟ್ರ, ನಾಳೆ ನಾ ಏನಂತ ಹೋಗ್ಲೊ?"