ಕ್ಲೈಮ್ಯಾಕ್ಸಿನಲ್ಲಿ ಸೀಪೇಜು

ಲತಾಮಣಿ ಸಿನಿಮಾ ನೋಡುತ್ತಾ ಅತ್ತು ಇಪ್ಪತ್ತಾರು ವರ್ಷಗಳಾಗಿದ್ದವು. ಮದುವೆಯಾಗಿಯೂ ಅಷ್ಟೇ ವರ್ಷ. ಎರಡಕ್ಕೂ ಏನಾದರೂ ಸಂಬಂಧವಿದೆಯೇ ಎಂದು ಯಾರಾದರೂ ಕೇಳಿದರೆ ಅವಳು ಬಾಯಲ್ಲಿ ಉತ್ತರ ಹೇಳುತ್ತಿರಲಿಲ್ಲ. ಸೋಫಾದ ಮೇಲೆ ಕಾಲು ಚಾಚಿ ಕೂತ ಗಂಡನ ಕಡೆಗೆ ಒಮ್ಮೆ ನೋಡುತ್ತಿದ್ದಳು, ಅಷ್ಟೆ.

ಮದುವೆಗೆ ಮುಂಚೆ ಅವಳು ಹೀಗಿರಲಿಲ್ಲ. ಸಿದ್ದಾಪುರದ ತವರಿನಿಂದ ಅಕ್ಕ ಜಯಾಳ ಜೊತೆ ಜಯನಗರದವರೆಗೆ ನಡೆದುಕೊಂಡೇ ಹೋಗಿ, ಬಾಲ್ಕನಿಯಲ್ಲಿ ಕೂತು, ತೆರೆಯ ಮೇಲೆ ನಾಯಕಿಗೆ ಬರೀ ನೆಗಡಿಯಾದರೂ ಸಾಕು, ಇಬ್ಬರೂ ಕರ್ಚೀಫು ಹಿಂಡುವಷ್ಟು ಅಳುತ್ತಿದ್ದರು. ಅತ್ತು ಹಗುರಾಗಿ, ಮೂಗು ಕೆಂಪಗೆ ಮಾಡಿಕೊಂಡು, ದಾರಿಯಲ್ಲಿ ಮೆಣಸಿನಕಾಯಿ ಬಜ್ಜಿ ತಿಂದು ಮನೆ ಸೇರಿದರೆ ಒಂದು ವಾರ ಮನಸ್ಸು ತೊಳೆದಿಟ್ಟ ಪಾತ್ರೆಯ ಹಾಗಿರುತ್ತಿತ್ತು. ಅತ್ತೆ, ನಾದಿನಿ, ನೀರಿನ ಟ್ಯಾಂಕರು ಇವೆಲ್ಲ ಬರುವುದಕ್ಕೆ ಮುಂಚಿನ ಕಾಲ ಅದು.

ಆಮೇಲೆ ಕೋಣನಕುಂಟೆಯ ಮುನಿರಾಜು ಅವಳ ಕೈ ಹಿಡಿದ.

ಮುನಿರಾಜುವಿಗೆ ಹೇಳಿಕೊಳ್ಳುವಂಥ ದುರ್ಗುಣ ಯಾವುದೂ ಇರಲಿಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ. ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎಬ್ಬಿಸಿ, ಕೆಳಗೆ ತಾನಿದ್ದು, ಮೇಲಿನದನ್ನು ಬಾಡಿಗೆಗೆ ಬಿಟ್ಟು, ಬಾಡಿಗೆಯವರು ಎಲ್ಲಿ ಗೋಡೆಗೆ ಮೊಳೆ ಹೊಡೆಯುತ್ತಾರೋ ಎಂದು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಿದ್ದ. ಹೆಂಡತಿಯನ್ನು ತಿಂಗಳಿಗೆರಡು ಸಿನಿಮಾಕ್ಕೆ ತಪ್ಪದೆ ಕರೆದುಕೊಂಡು ಹೋಗುತ್ತಿದ್ದ. ಕಷ್ಟ ಶುರುವಾಗುತ್ತಿದ್ದದ್ದೇ ಅಲ್ಲಿ. ಅರ್ಧ ರೈತ, ಅರ್ಧ ಮನೆ ಮಾಲೀಕನಾದ ಈ ಕಲಾರಸಿಕನ ಕಣ್ಣು ತೆರೆಯ ಮೇಲಿನ ನಾಯಕನನ್ನೂ ನೋಡುತ್ತಿರಲಿಲ್ಲ, ನಾಯಕಿಯನ್ನೂ ನೋಡುತ್ತಿರಲಿಲ್ಲ (ಅಷ್ಟರ ಮಟ್ಟಿಗೆ ಸಮಾಧಾನ). ಅವರ ಹಿಂದಿನ ಗೋಡೆಯನ್ನು ನೋಡುತ್ತಿತ್ತು.

ಕಳೆದ ಎರಡು ತಿಂಗಳದ್ದನ್ನೇ ತೆಗೆದುಕೊಳ್ಳಿ. ಮೊದಲು ನೋಡಿದ್ದು ದೆವ್ವದ ಚಿತ್ರ. ಹಾಳು ಬಂಗಲೆಯ ಮೆಟ್ಟಿಲಿಳಿದು ಬಿಳಿ ಸೀರೆಯೊಂದು ಬರುತ್ತಿದೆ. ಥಿಯೇಟರಿಗೆ ಥಿಯೇಟರೇ ಉಸಿರು ಬಿಗಿಹಿಡಿದಿದೆ. ಲತಾಮಣಿ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ.

"ರೇಲಿಂಗೇ ಇಲ್ಲ ನೋಡು," ಎಂದ ಮುನಿರಾಜು.

"ಶ್! ದೆವ್ವ ಬರ್ತಿದೆ."

"ಅದಕ್ಕೇ ಹೇಳಿದ್ದು. ಅಷ್ಟು ಕಡಿದಾದ ಮೆಟ್ಲು, ರೇಲಿಂಗ್ ಇಲ್ಲ. ಬಿದ್ದು ಸತ್ತಿರ್ತಾಳೆ ಪಾಪ. ಮಂತ್ರವಾದಿ ಬಂದು ಏನ್ ಕಿಸೀತಾನೆ? ಒಬ್ಬ ವೆಲ್ಡರ್‌ನ ಕರೆಸ್ಬೇಕು."

ದೆವ್ವ ಕಿರುಚಿದಾಗ ಮುಂದಿನ ಸಾಲಿನವರೆಲ್ಲ ಬೆಚ್ಚಿಬಿದ್ದರು. ಲತಾಮಣಿಗೆ ಮಾತ್ರ ಅದು ರೇಲಿಂಗ್ ಹಾಕಿಸಿ ಎಂದು ಅರಚಿಕೊಂಡ ಹಾಗೆ ಕೇಳಿಸಿತು.

ಎರಡನೆಯದು ಹೊಡೆದಾಟದ ಚಿತ್ರ. ನಾಯಕ ಇಪ್ಪತ್ತು ಜನ ರೌಡಿಗಳನ್ನು ಒಬ್ಬೊಬ್ಬನಾಗಿ ಎತ್ತಿ ಹೊಲದಲ್ಲಿ ಒಗೆಯುತ್ತಿದ್ದ. ಹುಡುಗರು ಎದ್ದು ನಿಂತು ಶಿಳ್ಳೆ ಹಾಕುತ್ತಿದ್ದರೆ ಮುನಿರಾಜು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಅಯ್ಯೋ, ತೆನೆ ಕಟ್ಟಿರೋ ರಾಗಿ ಕಣೇ! ಇನ್ನೊಂದು ಹದಿನೈದು ದಿನ ಬಿಟ್ಟು, ಕಟಾವಾದ ಮೇಲೆ ಹೊಡೆದಾಡಿದ್ರೆ ಇವರಪ್ಪನ ಗಂಟೇನು ಹೋಗ್ತಿತ್ತು?" ಕೊನೆಯಲ್ಲಿ ನಾಯಕ ಗೆದ್ದ. ಮುನಿರಾಜು ಸೂತಕದ ಮುಖ ಹೊತ್ತು ಆಟೋ ಹತ್ತಿದ.

ಮೂರನೆಯದು ಪ್ರೇಮಕಥೆ. ಅದರಲ್ಲಿ ಪ್ರೇಮಿಗಳು ತಾರಸಿಯ ಮೇಲೆ ನಿಂತು ಕೊನೆಯ ಬಾರಿಗೆ ಒಬ್ಬರನ್ನೊಬ್ಬರು ಬೀಳ್ಕೊಡುತ್ತಿದ್ದಾಗ, ಹಿಂದಿನ ನೀರಿನ ಟ್ಯಾಂಕಿಗೆ ಮುಚ್ಚಳವಿರಲಿಲ್ಲ ಎಂಬ ಒಂದೇ ಸಂಗತಿಯನ್ನು ಮುನಿರಾಜು ನಾಲ್ಕು ದಿನ, ಹೊತ್ತು ಹೊತ್ತಿಗೂ, ಮುದ್ದೆಯ ಜೊತೆ ಕಲಸಿ ಕಲಸಿ ಹೇಳಿದ.

"ರೀ, ಸಿನಿಮಾ ಹೇಗಿತ್ತು ಅಂತ ಕೇಳಿದ್ರೆ ಸಿನಿಮಾ ಬಗ್ಗೆ ಹೇಳ್ಬೇಕು," ಎಂದಳು ಲತಾಮಣಿ, ಸಾರಿನ ಸೌಟು ಕುಕ್ಕಿ.

"ಅದನ್ನೇ ತಾನೆ ಹೇಳ್ತಿರೋದು? ಪಾರಿವಾಳ ಬಿದ್ದು ಸತ್ತಿರುತ್ತೆ. ಆ ನೀರು ಕುಡಿದು ಅವರಿಬ್ರೂ ಮದ್ವೆ ಆದ್ರೆಷ್ಟು, ಬಿಟ್ರೆಷ್ಟು?"

ಆ ರಾತ್ರಿಯ ಪಾತ್ರೆ ತಿಕ್ಕುವಾಗಲೇ ಲತಾಮಣಿ ತೀರ್ಮಾನ ಮಾಡಿದಳು. ಸಾಯುವುದರೊಳಗೆ ಒಂದೇ ಒಂದು ಸಿನಿಮಾ, ಮೊದಲಿನಿಂದ ಕೊನೆಯವರೆಗೆ, ಈ ಮನುಷ್ಯ ಪಕ್ಕದಲ್ಲಿಲ್ಲದೆ ನೋಡಬೇಕು. ನೋಡಿ ಮನಸ್ಸಾರೆ ಅಳಬೇಕು.

ಮೊದಲ ಮಹಡಿಯ ಬಾಡಿಗೆಯವಳು ಭಾಗ್ಯಜ್ಯೋತಿ ಬಾಗಲಕೋಟೆ ಕಡೆಯ ಹುಡುಗಿ. ಮಧ್ಯಾಹ್ನದ ಶಿಫ್ಟಿನ ಕೆಲಸ, ಬೆಳಿಗ್ಗೆ ಬಿಡುವು. ಅವಳೇ ಸುದ್ದಿ ತಂದಳು. "ಅಕ್ಕಾರ, ಶುಕ್ರವಾರ ಅಣ್ಣ-ತಂಗಿ ಪಿಚ್ಚರ್ ಬರಾಕತ್ತೈತ್ರಿ. ಟ್ರೇಲರ್ ನೋಡೇ ನಮ್ಮವ್ವ ಊರಾಗ ಅತ್ತಾಳ. ನಡೀರಿ, ನಾವಿಬ್ರ ಹೋಗಿ ಬರೂಣು."

ಲತಾಮಣಿ ಗಂಡನಿಗೆ ಸುಳ್ಳು ಹೇಳಿದಳು. ಸಿದ್ದಾಪುರದ ಅಕ್ಕ ಜಯಾಗೆ ಸೊಂಟ ಹಿಡಿದಿದೆ, ಬೆಳಿಗ್ಗೆ ಹೋಗಿ ಮಧ್ಯಾಹ್ನ ಬಂದುಬಿಡುತ್ತೇನೆ ಎಂದಳು. ಮುನಿರಾಜು ಒಳ್ಳೆಯವನಲ್ಲದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನು ತಕ್ಷಣ ಎದ್ದು ಹೋಗಿ, ಹಿತ್ತಲ ಮರದ ನಾಲ್ಕು ತೆಂಗಿನಕಾಯಿ ತಂದು ಬ್ಯಾಗಿಗೆ ತುಂಬಿ, "ಪಾಪ, ಹುಷಾರಿಲ್ಲದೋರ ಮನೆಗೆ ಬರಿಗೈಲಿ ಹೋಗ್ಬಾರ್ದು" ಎಂದ.

ಹೀಗಾಗಿ ಕನಕಪುರ ರಸ್ತೆಯ ಮಾಲಿನ ನಾಲ್ಕನೆಯ ಮಹಡಿಯಲ್ಲಿ, ಬೆಳಗಿನ ಮೊದಲ ಆಟಕ್ಕೆ, ನಾಲ್ಕು ತೆಂಗಿನಕಾಯಿಯ ಸಮೇತ ಲತಾಮಣಿ ಸೆಕ್ಯೂರಿಟಿಯವಳ ಮುಂದೆ ನಿಂತಳು.

"ಮೇಡಂ, ಹೊರಗಿನ ತಿಂಡಿ ಒಳಗೆ ಬಿಡಲ್ಲ."

"ತಿಂಡಿ ಎಲ್ಲಮ್ಮಾ? ಜುಟ್ಟು ಬಿಟ್ಟಿರೋ ಕಾಯಿ ಇದು. ಕೂತ್ಕೊಂಡು ಕಚ್ಚಿ ತಿಂತೀನಾ?"

"ತಿನ್ನದಿದ್ರೆ ಸರಿ. ಸ್ಕ್ರೀನ್ ಮೇಲೆ ಎಸೆದ್ರೆ?"

"ಪಿಚ್ಚರ್ ಅಷ್ಟು ಕೆಟ್ಟ ಐತೇನ್ರಿ?" ಎಂದು ಭಾಗ್ಯಜ್ಯೋತಿ ಗಾಬರಿಯಿಂದ ಕೇಳಿದಳು.

ಕೊನೆಗೆ ಕಾಯಿಗಳನ್ನು ಕೌಂಟರಿನಲ್ಲಿ ಬಿಟ್ಟು, ಟೋಕನ್ ಪಡೆದು, ಲತಾಮಣಿ ಒಳಗೆ ಹೋಗಿ ಕೂತಳು. ಎಡಗಡೆ ಭಾಗ್ಯಜ್ಯೋತಿ. ಬಲಗಡೆ ಖಾಲಿ ಕುರ್ಚಿ. ಆ ಖಾಲಿ ಕುರ್ಚಿಯನ್ನು ನೋಡಿ ಅವಳಿಗಾದ ಸಂತೋಷವನ್ನು ಏನೆಂದು ಹೇಳುವುದು! ಮಡಿಚಿ ತಂದಿದ್ದ ಕರ್ಚೀಫನ್ನು ತೊಡೆಯ ಮೇಲೆ ಹರವಿಕೊಂಡಳು.

ಚಿತ್ರ ಚೆನ್ನಾಗಿಯೇ ಇತ್ತು. ತಾಯಿ ತಂದೆ ಇಲ್ಲದ ತಂಗಿ, ಅವಳನ್ನು ಸಾಕಿದ ಅಣ್ಣ, ಅವನ ಬಾಯಿ ಸರಿಯಿಲ್ಲದ ಹೆಂಡತಿ. ಮಧ್ಯಂತರದ ಹೊತ್ತಿಗೆ ಭಾಗ್ಯಜ್ಯೋತಿ ಮುಕ್ಕಾಲು ಒದ್ದೆಯಾಗಿದ್ದಳು. ಲತಾಮಣಿ ತನ್ನ ಅಳುವನ್ನು ಕೊನೆಗೆಂದು ಉಳಿಸಿಕೊಂಡಿದ್ದಳು, ಹೋಳಿಗೆ ಊಟದಲ್ಲಿ ಹೋಳಿಗೆ ಉಳಿಸಿಕೊಳ್ಳುವ ಹಾಗೆ.

ಆ ಘಳಿಗೆ ಬಂತು. ತಂಗಿ ಗಂಡನ ಮನೆಗೆ ಹೊರಟು ನಿಂತಿದ್ದಾಳೆ. ಅಣ್ಣ ಮಾತು ಬಾರದೆ ಬಾಗಿಲಿಗೊರಗಿದ್ದಾನೆ. ತಂಗಿ ಓಡಿ ಬಂದು ಅವನ ಎದೆಗೆ ಬಿದ್ದು, "ಅಣ್ಣಾ" ಎಂದಳು. ಪಿಟೀಲು ಕೊಯ್ಯಿತು. ಮುನ್ನೂರು ಮೂಗುಗಳು ಒಟ್ಟಿಗೆ ಸೊರ್ ಎಂದವು. ಲತಾಮಣಿಯ ಕಣ್ಣಂಚಿಗೆ ನೀರು ಬಂತು, ಇನ್ನೇನು ಬಿತ್ತು ಎನ್ನುವಾಗ ತಂಗಿಯ ತಲೆ ಒಂದಿಷ್ಟು ಪಕ್ಕಕ್ಕೆ ವಾಲಿತು.

ಹಿಂದೆ ಗೋಡೆ ಕಾಣಿಸಿತು. ಗೋಡೆಯಲ್ಲಿ ಸೀಪೇಜು!

ಸಣ್ಣಪುಟ್ಟದ್ದಲ್ಲ. ಸೂರಿನಿಂದ ಸ್ವಿಚ್‌ಬೋರ್ಡಿನವರೆಗೆ ಇಳಿದ ಕಲೆ, ನೀರು ಕುಡಿದು ಹಪ್ಪಳದ ಹಾಗೆ ಉಬ್ಬಿದ ಪ್ಲಾಸ್ಟರು, ಅದರ ಮೇಲೆ ಯಾರೋ ಅವಸರದಲ್ಲಿ ಬಳಿದ ಗುಲಾಬಿ ಬಣ್ಣ. ಲತಾಮಣಿ ಕಣ್ಣು ಮುಚ್ಚಿ ತೆರೆದಳು. ಅಣ್ಣನ ಮುಖ ನೋಡಲು ಪ್ರಯತ್ನಪಟ್ಟಳು. ತಂಗಿಯ ಹಣೆಯ ಬಾಸಿಂಗ ನೋಡಲು ಪ್ರಯತ್ನಪಟ್ಟಳು. ದೃಷ್ಟಿ ಜಾರಿ ಜಾರಿ ಗೋಡೆಗೇ ಹೋಯಿತು. ಕಣ್ಣಂಚಿಗೆ ಬಂದಿದ್ದ ನೀರು ಬಂದ ದಾರಿಯಲ್ಲೇ ವಾಪಸು ಹೋಯಿತು.

"ಯಾಕ್ರಿ ಅಕ್ಕಾರ, ಅಳು ಬರವಲ್ದೇನು?" ಎಂದು ಭಾಗ್ಯಜ್ಯೋತಿ ಬಿಕ್ಕುತ್ತಾ ಕೇಳಿದಳು. ಲತಾಮಣಿಗೆ ಮೈಯೆಲ್ಲ ಉರಿಯಿತು. ಆ ಮಹಾರಾಯ ಕೋಣನಕುಂಟೆಯಲ್ಲಿ ಹಾಯಾಗಿ ಕೂತಿದ್ದಾನೆ, ಇಲ್ಲಿ ನನ್ನ ಕಣ್ಣೊಳಗೂ ಬಂದು ಕೂತಿದ್ದಾನಲ್ಲ!

ಈ ಉರಿಯಲ್ಲೇ ಹೊರಗೆ ಬಂದಳು. ಬಾಗಿಲಲ್ಲೇ ಯೂಟ್ಯೂಬಿನವರ ಜಾತ್ರೆ. ಮೊದಲ ಆಟ ಬಿಟ್ಟ ಕೂಡಲೇ ಕಂಡಕಂಡವರ ಬಾಯಿಗೆ ಮೈಕು ಹಿಡಿಯುವುದು, ಅವರು "ಸೂಪರ್, ಸಖತ್, ಫ್ಯಾಮಿಲಿ ಸಮೇತ ಬನ್ನಿ" ಎನ್ನುವುದು ಈಗಿನ ಪದ್ಧತಿ. ರಮ್ಯ ಎಂಬ ಹುಡುಗಿ ಲತಾಮಣಿಯ ಕೈಯಲ್ಲಿದ್ದ ಕರ್ಚೀಫು ನೋಡಿ ಓಡಿ ಬಂದಳು.

"ಆಂಟಿ, ಆಂಟಿ! ಕ್ಲೈಮ್ಯಾಕ್ಸಲ್ಲಿ ತುಂಬಾ ಅತ್ರಾ?"

ಕೇಳಬಾರದ ಪ್ರಶ್ನೆಯನ್ನು ಕೇಳಬಾರದ ಹೊತ್ತಿನಲ್ಲಿ ಕೇಳಿದ್ದಳು.

"ಎಲ್ಲಿಂದ ಅಳ್ಲಮ್ಮಾ?" ಎಂದು ಲತಾಮಣಿ ಮೈಕನ್ನೇ ಕಿತ್ತುಕೊಂಡಳು. "ಅಣ್ಣ ಅನ್ನಿಸ್ಕೊಂಡೋನು ತಂಗಿ ಮದ್ವೆ ಅಂತ ಬೀದಿಗೆಲ್ಲಾ ಸೀರಿಯಲ್ ಸೆಟ್ ಹಾಕ್ಸಿದಾನೆ, ಗೋಡೆಗೊಂದು ವಾಟರ್‌ಪ್ರೂಫಿಂಗ್ ಮಾಡ್ಸಿಲ್ಲ! ಉಬ್ಬಿರೋ ಪ್ಲಾಸ್ಟರ್ ಮೇಲೇ ಬಣ್ಣ ಬಳಿದ್ರೆ ನಿಲ್ಲುತ್ತಾ? ಮೇಲೆ ಬಾತ್‌ರೂಮ್ ಪೈಪ್ ಒಡೆದಿದೆ ಅದು, ಬರೆದಿಟ್ಕೋ. ಸ್ವಿಚ್‌ಬೋರ್ಡ್ ತನಕ ನೀರು ಇಳಿದಿದೆ. ಇನ್ನೊಂದು ಮಳೆಗಾಲ ಬಂದ್ರೆ ಅವರತ್ತಿಗೆ ಲೈಟ್ ಹಾಕಕ್ಕೆ ಹೋಗಿ ಹಂಗೇ ಅಂಟ್ಕೋತಾಳೆ. ಆಗ ಬಾ, ಕೂತು ಅಳ್ತೀನಿ!"

ಟೋಕನ್ ಕೊಟ್ಟು ಕಾಯಿ ಬಿಡಿಸಿಕೊಂಡು, ಅದನ್ನು ಯಾರಿಗಾದರೂ ಕೊಡಲೇಬೇಕಲ್ಲ ಎಂದು ಭಾಗ್ಯಜ್ಯೋತಿಯ ಮನೆಗೆ ಕೊಟ್ಟು, ಲತಾಮಣಿ ಏನೂ ಆಗದವಳಂತೆ ಸಂಜೆಯ ಕಾಫಿಗೆ ಹಾಲಿಟ್ಟಳು. ಮುನಿರಾಜು ಸಿಮೆಂಟ್ ಅಂಗಡಿ ಕಟ್ಟೆಯಿಂದ ಬಂದು ಚಪ್ಪಲಿ ಬಿಟ್ಟ.

"ಜಯಾ ಸೊಂಟ ಹೇಗಿದೆ?"

"ಪರವಾಗಿಲ್ಲ. ಎದ್ದು ಓಡಾಡ್ತಿದಾಳೆ."

"ಹೂಂ," ಎಂದು ಅವನು ಫೋನ್ ಮುಂದೆ ಹಿಡಿದ. ಅದರಲ್ಲಿ ಲತಾಮಣಿ ಮೈಕು ಹಿಡಿದು ಕೈ ಬೀಸುತ್ತಿದ್ದಳು. ನಾಲ್ಕು ಗಂಟೆಯೊಳಗೆ ಎರಡು ಲಕ್ಷ ಜನ ನೋಡಿದ್ದರು. ಕೆಳಗೆ "ಸೀಪೇಜ್ ಆಂಟಿ" ಎಂದು ಬಿರುದೂ ಬಂದಿತ್ತು.

ಲತಾಮಣಿ ಸ್ಟವ್‌ಗೆ ಬೆನ್ನು ಹಾಕಿ ನಿಂತಳು. ಬೈಯಲಿ ಎಂದು ಕಾದಳು. ಮುನಿರಾಜು ಬೈಯಲಿಲ್ಲ. ಮತ್ತೆ ಮೊದಲಿನಿಂದ ಹಾಕಿದ. ಮೂರು ಸಲ ನೋಡಿದ. ಹಾಲು ಉಕ್ಕಿ ಸ್ಟವ್ ಆರಿತು.

"ಬಾತ್‌ರೂಮ್ ಪೈಪು ಅಂತ ನಿಂಗೆ ಹೇಗೆ ಗೊತ್ತಾಯ್ತು?" ಎಂದ, ಬಹಳ ಮೆಲ್ಲಗೆ.

"ಕಲೆ ಮೇಲಿಂದ ಕೆಳಕ್ಕೆ ಇಳಿದಿತ್ತು. ನೆಲದ ತೇವ ಆಗಿದ್ರೆ ಕೆಳಗಿಂದ ಮೇಲಕ್ಕೆ ಹತ್ತಿರೋದು."

ಮುನಿರಾಜು ಕನ್ನಡಕ ತೆಗೆದ. "ಇಷ್ಟು ವರ್ಷ ನಾನು ಗೋಡೆಗೆ ಹೇಳ್ತಿದೀನಿ ಅಂದ್ಕೊಂಡಿದ್ದೆ ಕಣೇ. ನೀನು ಎಲ್ಲಾ ಕೇಳಿಸ್ಕೊಂಡಿದೀಯ!" ಎಂದ.

ಸುಳ್ಳು ಹೇಳಿದ್ದಕ್ಕೆ ಜಗಳವಾಗಿದ್ದರೆ ಅವಳು ನಿಭಾಯಿಸುತ್ತಿದ್ದಳು. ಇದಕ್ಕೇನು ಮಾಡುವುದೆಂದು ತಿಳಿಯದೆ ಉಕ್ಕಿದ ಹಾಲನ್ನು ಒರೆಸುತ್ತಾ ನಿಂತಳು. ಮನಸ್ಸು ಮೆತ್ತಗಾಯಿತು ಎನ್ನುವುದು ನಿಜ. ಅಷ್ಟರಲ್ಲೇ, ಭಾಗ್ಯಜ್ಯೋತಿಯಿಂದ ನಂಬರು ಪಡೆದಿದ್ದ ಯೂಟ್ಯೂಬಿನ ರಮ್ಯಳ ಫೋನ್ ಬಂತು. ಪ್ರತಿ ಶುಕ್ರವಾರ ಎರಡು ಪಾಸು ಕಳಿಸುತ್ತೇವೆ, ಆಂಟಿ ಚಿತ್ರ ನೋಡಿ ಅಭಿಪ್ರಾಯ ಹೇಳಬೇಕು, ಜನ ಕಾಯುತ್ತಿದ್ದಾರೆ ಎಂದಳು. ಲತಾಮಣಿ ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮುನಿರಾಜು ಫೋನ್ ಕಸಿದು, "ಬರ್ತೀವಮ್ಮಾ, ಇಬ್ರೂ ಬರ್ತೀವಿ" ಎಂದುಬಿಟ್ಟ.

ಮುಂದಿನ ಶುಕ್ರವಾರ ಅವಳು ಬಲಿಗೆ ಹೊರಟವಳ ಹಾಗೆ ಹೋಗಿ ಕೂತಳು. ಬಲಗಡೆಯ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮುನಿರಾಜು. ಲಾರಿ ಡ್ರೈವರ್ ಅಪ್ಪ, ಪುಟ್ಟ ಮಗಳ ಕಥೆ. ಮೊದಲ ದೃಶ್ಯದಲ್ಲೇ ಶೀಟಿನ ಮನೆ ಬಂತು. ಲತಾಮಣಿ ಹಲ್ಲು ಕಚ್ಚಿ ಕಾದಳು. ಪಕ್ಕದಿಂದ ಸದ್ದಿಲ್ಲ.

ಐದು ನಿಮಿಷ ಕಾದಳು. ಹತ್ತು ನಿಮಿಷ ಕಾದಳು. ಕೊನೆಗೆ ತಾನೇ ತಡೆಯಲಾರದೆ ಪಿಸುಗುಟ್ಟಿದಳು.

"ರೀ, ಮೋಟ್ರು ವೈರು ನೀರಲ್ಲೇ ಬಿದ್ದಿದೆ, ನೋಡಿದ್ರಾ?"

"ಹೂಂ."

"ಕಿಟಕಿಗೆ ಸಜ್ಜಾನೇ ಇಲ್ಲ."

"ಹೂಂ, ಹೂಂ."

ಕೊನೆಯ ದೃಶ್ಯದಲ್ಲಿ ಅಪ್ಪನ ಲಾರಿ ಬರಲೇ ಇಲ್ಲ. ಮಗಳು ಮನೆಯ ಮುಂದೆ ಒಬ್ಬಳೇ ಕೂತು ದಾರಿ ನೋಡುತ್ತಿದ್ದಳು. ಲತಾಮಣಿಯ ಕುರ್ಚಿ ಅಲುಗಾಡಿತು. ತಿರುಗಿ ನೋಡಿದರೆ ಮುನಿರಾಜುವಿನ ಭುಜಗಳು ಕುಣಿಯುತ್ತಿದ್ದವು, ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನ್ರೀ ಆಯ್ತು? ಬಿಪಿ ಮಾತ್ರೆ ತಗೊಂಡ್ರಾ?"

"ಆ ಮಗು ನೋಡೇ... ಹೇಗೆ ಕಾಯ್ತಾ ಕೂತಿದೆ..."

"ಕೂತಿರೋದು ಎಲ್ಲಿ ನೋಡ್ರೀ! ನೀರಿನ ಸಂಪಿನ ಮುಚ್ಚಳದ ಮೇಲೆ! ಅದೂ ಬಿರುಕು ಬಿಟ್ಟಿದೆ!"

"ಸ್ವಲ್ಪ ಬಾಯಿ ಮುಚ್ಕೊಂಡಿರ್ತೀಯಾ?" ಎಂದು ಮುನಿರಾಜು ಅಳುವಿನ ನಡುವೆಯೇ ಸಿಡುಕಿದ. "ಮನೇಲಿ ಒಬ್ಬರಾದ್ರೂ ನೋಡ್ಬೇಕಲ್ಲ ಅಂತ ಇಪ್ಪತ್ತಾರು ವರ್ಷ ನಾನೇ ಗೋಡೆ ನೋಡ್ದೆ. ಈಗ ನೀನು ನೋಡ್ಕೋತೀಯಲ್ಲ, ನಾನೊಂದಿನ ನೆಮ್ಮದಿಯಾಗಿ ಸಿನಿಮಾ ನೋಡ್ಬಾರ್ದಾ?"

ಅವಳ ಸೆರಗನ್ನೇ ಎಳೆದುಕೊಂಡು ಮುಖ ಒರೆಸಿಕೊಂಡು ತೆರೆಯ ಕಡೆ ತಿರುಗಿದ. ಲತಾಮಣಿಗೆ ಅಳುವಷ್ಟು ಸಿಟ್ಟು ಬಂತು, ಅಳು ಮಾತ್ರ ಬರಲಿಲ್ಲ. ಆ ಮಗು ಈಗ ಕಾಲು ಬೇರೆ ಕುಣಿಸುತ್ತಿತ್ತು, ಮುಚ್ಚಳದ ಬಿರುಕು ಅಗಲವಾದಂತೆ ಕಂಡಿತು.

"ರೀ, ಒಂದೇ ಒಂದು ಸಲ ನೋಡಿ, ಆ ಮುಚ್ಚಳ..."

ಹಿಂದಿನ ಸಾಲಿನಿಂದ ಯಾರೋ ಅವಳ ಭುಜ ತಟ್ಟಿದರು.

"ಆಂಟಿ, ಪ್ಲೀಸ್. ಅಂಕಲ್ ಅಳ್ತಿದಾರೆ. ಅಳೋಕೆ ಬಿಡಿ."