ಹಣೆಗೊಂದು, ಕೆನ್ನೆಗೊಂದು

ಕನ್ನಡಿಗಿರುವ ಸೌಜನ್ಯ ನೆಂಟರಿಗಿರುವುದಿಲ್ಲ. ಕನ್ನಡಿ ಏನನ್ನು ಕಂಡರೂ ಬಾಯಿ ಬಿಡದೆ ಮೊಳೆಗೆ ನೇತುಕೊಂಡಿರುತ್ತದೆ. ನೆಂಟರು ಹಾಗಲ್ಲ. ನಾವು ಚಪ್ಪಲಿ ಬಿಡುವಷ್ಟರಲ್ಲಿ ಮುಖ ನೋಡಿ ತೀರ್ಪು ಕೊಟ್ಟು, ಆಮೇಲೆ ಒಳಗೆ ಕರೆಯುತ್ತಾರೆ. ನನ್ನ ವಿಷಯದಲ್ಲಿ ಆ ತೀರ್ಪು ಎಷ್ಟೋ ವರ್ಷಗಳಿಂದ ಒಂದೇ: "ಯಾಕೆ, ಹುಷಾರಿಲ್ವಾ?" ಮದುವೆಯಿರಲಿ, ಮುಂಜಿಯಿರಲಿ, ತರಕಾರಿ ಅಂಗಡಿಯಿರಲಿ, ನನ್ನನ್ನು ಕಂಡವರ ಮೊದಲ ಮಾತು ಅದೇ. ಎರಡನೆಯ ಮಾತು, "ಶುಗರ್ ಚೆಕ್ ಮಾಡಿಸಿದ್ಯಾ?"

ನನಗೆ ಏನೂ ಆಗಿಲ್ಲ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ವಿನೋಬನಗರದ ನಮ್ಮ ಮನೆಯಿಂದ ಕೋಟೆಯವರೆಗೆ ನಡೆದೇ ಹೋಗುತ್ತೇನೆ. ಬರುವಾಗ ಆಟೋ ಹತ್ತುವುದು ಕೈಯಲ್ಲಿ ಚೀಲವಿರುತ್ತದೆ ಎಂಬ ಕಾರಣಕ್ಕೆ. ರಕ್ತ, ಸಕ್ಕರೆ, ಬಿ.ಪಿ. ಎಲ್ಲವೂ ಹದದಲ್ಲಿವೆ. ಹದ ತಪ್ಪಿರುವುದು ಮುಖ ಒಂದೇ. ಅದೂ ಪೂರ್ತಿಯಾಗಿ ತಪ್ಪಿದ್ದರೆ ಒಗ್ಗಿಕೊಳ್ಳಬಹುದಿತ್ತು. ಹಣೆ, ಮೂಗು, ಗದ್ದ ಮಾತ್ರ ಹೊತ್ತು ಏರುವುದರೊಳಗೆ ಬೋಂಡ ಕರಿದು ಪೇಪರ್ ಮೇಲೆ ತೆಗೆದಿಟ್ಟಂತೆ ಹೊಳೆಯತೊಡಗುತ್ತವೆ. ಬೆಳಿಗ್ಗೆ ಹಣೆಯಲ್ಲಿ ಇಟ್ಟುಕೊಂಡ ಕುಂಕುಮ ಮಧ್ಯಾಹ್ನದ ಹೊತ್ತಿಗೆ ಹುಬ್ಬಿನ ಹತ್ತಿರ ಇಳಿದು ಬಂದಿರುತ್ತದೆ. ಅದೇ ಹೊತ್ತಿಗೆ, ಮೂಗಿನಿಂದ ಎರಡು ಬೆರಳು ಆಚೆ, ಕೆನ್ನೆಗಳು ಬಿಸಿಲಿಗೆ ಹಾಕಿ ಮರೆತ ಹಪ್ಪಳದಂತೆ ಬಿರಿಬಿರಿ ಅನ್ನುತ್ತಿರುತ್ತವೆ. ನಕ್ಕರೆ ಸೀಳಿಬಿಡುತ್ತವೇನೋ ಎಂದು ನಾನು ಎಷ್ಟೋ ಜೋಕುಗಳಿಗೆ ಅರ್ಧ ಮಾತ್ರ ನಕ್ಕಿದ್ದೇನೆ. ಹಾಗೆ ಅರ್ಧ ನಕ್ಕಿದ್ದನ್ನು ನೋಡಿಯೂ ಜನ ಹುಷಾರಿಲ್ವಾ ಎಂದೇ ಕೇಳುತ್ತಾರೆ.

ಮನೆಮದ್ದು ಮಾಡಲಿಲ್ಲವೇ ಎಂದರೆ, ಮಾಡಿದೆ. ಕೋಟೆ ರಸ್ತೆಯ ಗ್ರಂಧಿಗೆ ಅಂಗಡಿಯಿಂದ ಕಸ್ತೂರಿ ಅರಿಶಿನ ತಂದು ಕಡಲೆಹಿಟ್ಟಿನಲ್ಲಿ ಕಲಸಿ ಹಣೆಗೆ, ಹಾಲಿನ ಕೆನೆ ತೆಗೆದು ಕೆನ್ನೆಗೆ. ಒಂದೇ ಮುಖಕ್ಕೆ ಎರಡು ಅಡುಗೆ. ಗಡಿ ಕಾಯುವುದೇ ದೊಡ್ಡ ಕೆಲಸವಾಯಿತು. ಕಡಲೆಹಿಟ್ಟು ಜಾರಿ ಕೆನ್ನೆಗೆ ಬಂದರೆ ಅಲ್ಲಿ ಬರಗಾಲ, ಕೆನೆ ಮೂಗಿಗೆ ಹತ್ತಿದರೆ ಅಲ್ಲಿ ಪ್ರವಾಹ. ಹೀಗೆ ಕೆಲವು ವಾರ ನಡೆದ ಮೇಲೆ ಒಂದು ದಿನ ನಮ್ಮ ಮನೆಯವರು ತುಪ್ಪದ ಡಬ್ಬಿಯೊಳಗೆ ಇಣುಕಿ, "ಈ ಸಲ ಯಾಕೆ ತುಪ್ಪ ಇಷ್ಟೇ ಬಂತು?" ಎಂದರು. ಹೂ ಕಟ್ಟುತ್ತಿದ್ದ ನಮ್ಮ ಅತ್ತೆ ತಲೆ ಎತ್ತದೆ, "ಅವಳ ಕೆನ್ನೇಲಿದೆ, ಕಾಯಿಸ್ಕೋ ಹೋಗು" ಎಂದರು. ಅಂದಿನಿಂದ ಕೆನೆ ಮೊದಲಿನಂತೆ ಡಬ್ಬಿಗೇ ಹೋಗುತ್ತಿದೆ.

ಇದನ್ನೆಲ್ಲ ನಾನು ಹೇಗೋ ಸಹಿಸಿಕೊಂಡಿದ್ದೆ. ಸಹನೆ ತಪ್ಪಿಸಿದ್ದು ಒಂದು ಪೌಂಡ್ ಬ್ರೆಡ್ಡು. ಭದ್ರಾವತಿಯ ನ್ಯೂಟೌನಿನಲ್ಲಿ ನಮ್ಮ ಗಿರಿಜಕ್ಕನ ಮನೆ. ಅವಳ ಮಗಳು ರೂಪಾಳ ಮದುವೆಯಲ್ಲಿ ಹಳೆಯ ನೆಂಟರೊಬ್ಬರು ನನ್ನ ಮುಖವನ್ನು ಬಹಳ ಹೊತ್ತು ನೋಡಿ ಏನನ್ನೂ ಕೇಳದೆ ಹೋದರು. ಪರವಾಗಿಲ್ಲವೇ ಎಂದುಕೊಂಡೆ. ಮುಂದಿನ ಭಾನುವಾರ ಅವರು ಗಂಡನನ್ನೂ ಕರೆದುಕೊಂಡು, ಬ್ರೆಡ್ಡು, ಮೋಸಂಬಿ ಹಿಡಿದು, ರೋಗಿಯನ್ನು ನೋಡಲು ನಮ್ಮ ಮನೆಗೆ ಬಂದರು. ನಾನು ಆಗ ಸೆರಗು ಸಿಕ್ಕಿಸಿಕೊಂಡು ಚಕ್ಕುಲಿ ಒತ್ತುತ್ತಿದ್ದೆ. ಅವರಿಗೆ ನಿರಾಸೆಯಾದದ್ದು ಮುಖದಲ್ಲೇ ತಿಳಿಯಿತು. "ಇಂಥಾದ್ರಲ್ಲೂ ಕೆಲಸ ಬಿಡಲ್ಲ ನೋಡಿ" ಎಂದು ಗಂಡನಿಗೆ ಪಿಸುಗುಟ್ಟಿ, ಚಕ್ಕುಲಿ ಕಟ್ಟಿಸಿಕೊಂಡು ಹೋದರು. ಹಾಗಾಗಿ, ರೂಪಾಳ ಸೀಮಂತಕ್ಕೆ ದಿನ ಗೊತ್ತಾಯಿತೆಂದು ಅಕ್ಕ ಫೋನ್ ಮಾಡಿದಾಗ ನನ್ನೊಳಗೆ ಒಂದು ಶಪಥ ಹುಟ್ಟಿತು. ಈ ಒಂದು ಸಮಾರಂಭದಲ್ಲಾದರೂ ಯಾರೂ ನನ್ನನ್ನು ಹುಷಾರಿಲ್ವಾ ಎಂದು ಕೇಳಬಾರದು. ಚೆಲುವೆಯಾಗುವ ಆಸೆ ನನಗಿರಲಿಲ್ಲ. ನಿರೋಗಿಯಂತೆ ಕಂಡರೆ ಸಾಕಿತ್ತು.

ನಮ್ಮ ರಸ್ತೆಯ ತಿರುವಿನಲ್ಲಿ ಚರ್ಮದ ಡಾಕ್ಟರೊಬ್ಬರಿದ್ದಾರೆ. ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಅವಳ ಮುಖ ಎಷ್ಟು ನುಣುಪಾಗಿತ್ತೆಂದರೆ ನನ್ನ ಕಷ್ಟ ಹೇಳಿಕೊಳ್ಳಲು ನಾಚಿಕೆಯಾಯಿತು. ಟಾರ್ಚ್ ಬಿಟ್ಟು ನೋಡಿ, "ನಿಮ್ದು ಕಾಂಬಿನೇಶನ್ ಸ್ಕಿನ್ ಆಂಟಿ, ಒಂದು ಕಡೆ ಜಿಡ್ಡು, ಒಂದು ಕಡೆ ಒಣ. ಈ ವಯಸ್ಸಿಗೆ ಕೆನ್ನೆ ಇನ್ನೂ ಒಣಗುತ್ತೆ. ಗಾಬರಿಯೇನಿಲ್ಲ" ಎಂದಳು. ಮನೆಗೆ ಬಂದು ಹೇಳಿದರೆ ನಮ್ಮ ಮನೆಯವರು ಪೇಪರಿನಿಂದ ಕಣ್ಣು ತೆಗೆಯದೆ, "ಯಾವ ಕಾಂಬಿನೇಶನ್? ಸೈನ್ಸಾ, ಕಾಮರ್ಸಾ?" ಎಂದರು. ನಾನು ಪಿಯುಸಿಗೆ ಸೇರುವ ಹೊತ್ತಿನಲ್ಲಿ ಮದುವೆ ಮಾಡಿಕೊಂಡು ಕರೆತಂದವರು ಅವರೇ. ಕಾಂಬಿನೇಶನ್ ಸಿಕ್ಕಿದ್ದು ಈಗ, ಅದೂ ಮುಖಕ್ಕೆ.

ಡಾಕ್ಟರ್ ಹೇಳಿದ್ದು ಸರಳವಾಗಿತ್ತು. ನಿಂಬೆಹಣ್ಣು, ಸೋಡಾ, ಸಕ್ಕರೆ ಹಾಕಿ ಉಜ್ಜುವುದು ಎಲ್ಲ ಬಂದ್. ಬೆಳಿಗ್ಗೆ, ರಾತ್ರಿ ಮೆದುವಾದ ಫೇಸ್‌ವಾಶ್. ಆಮೇಲೆ ಒಂದು ತೆಳು ಕ್ರೀಮು, ಹಣೆಗೆ ಸೋಕಿದಂತೆ, ಕೆನ್ನೆಗೆ ಸ್ವಲ್ಪ ಧಾರಾಳವಾಗಿ. ಹಗಲು ಇದರ ಮೇಲೆ ಸನ್‌ಸ್ಕ್ರೀನ್. ಇಷ್ಟೇ. "ಕ್ರೀಮ್ ಎಷ್ಟು ಹಚ್ಚಬೇಕು?" ಎಂದು ಕೇಳಿದ್ದಕ್ಕೆ, "ಬಟಾಣಿ ಕಾಳಿನಷ್ಟು ಸಾಕು" ಎಂದಳು.

ಇದನ್ನು ಹೇಳುವಾಗ ಆ ಹುಡುಗಿಗೆ ಅಡುಗೆಮನೆಯ ಪರಿಚಯ ಇರಲಿಲ್ಲವೆಂದು ಕಾಣುತ್ತದೆ. ಕ್ರೀಮಿನ ಟ್ಯೂಬ್ ಹಿಡಿದು ನಿಂತಾಗ ನನಗೆ ಸಂದೇಹ ಬಂತು. ಯಾವ ಬಟಾಣಿ? ಡಬ್ಬಿಯಲ್ಲಿರುವ ಒಣ ಬಟಾಣಿಯೇ, ನೆನೆದು ಉಬ್ಬಿದ ಬಟಾಣಿಯೇ, ಪಲಾವಿಗೆ ಹಾಕುವ ಹಸಿಯದ್ದೇ? ಒಣಗಿದ್ದು ನೆನೆದರೆ ಎರಡರಷ್ಟಾಗುತ್ತದೆ ಎಂಬುದು ಉಸಲಿ ಮಾಡುವ ಯಾರಿಗಾದರೂ ಗೊತ್ತು. ಅತ್ತೆಯನ್ನು ಕೇಳಿದೆ. ಅವರು ಗಂಭೀರವಾಗಿ ಯೋಚಿಸಿ, "ಮುಖ ಒಣಗಿದೆ ಅಂತ ತಾನೇ ಹಚ್ಕೊಳ್ಳೋದು? ನೆನೆದಿದ್ದೇ ಇರಬೇಕು ಕಣೇ ಶೈಲಾ" ಎಂದರು. ಭದ್ರಾವತಿಗೆ ಫೋನ್ ಮಾಡಿದರೆ ಅಕ್ಕ, "ಯಾವ ಬಟಾಣಿನೇ ಮಾರಾಯ್ತಿ, ನಾನಿಲ್ಲಿ ಸೀಮಂತದ ಸಾಮಾನು ಬರೆಸ್ತಾ ಇದ್ದೀನಿ, ನೀನು ಉಸಲಿ ಮಾಡ್ತಾ ಕೂತಿದ್ದೀಯಾ?" ಎಂದು ಫೋನಿಟ್ಟಳು. ಕೊನೆಗೆ ಹಣೆಗೆ ಒಣ ಬಟಾಣಿ, ಕೆನ್ನೆಗೆ ನೆನೆದ ಬಟಾಣಿ ಎಂದು ನಾನೇ ತೀರ್ಮಾನಿಸಿದೆ. ಆಮೇಲೆ ಡಾಕ್ಟರಿಗೆ ಹೇಳಿದಾಗ ಅವಳು ಪೆನ್ನು ಕೆಳಗಿಟ್ಟು, "ಅದು ಕರೆಕ್ಟಾಗೇ ಇದೆ ಆಂಟಿ" ಎಂದಳು.

ಸನ್‌ಸ್ಕ್ರೀನಿಗೆ ಬಟಾಣಿ ಲೆಕ್ಕವಿಲ್ಲ. ಅದನ್ನು ತೋರುಬೆರಳು, ಮಧ್ಯದ ಬೆರಳುಗಳ ಉದ್ದಕ್ಕೂ ಹಿಂಡಿಕೊಂಡು ಅಷ್ಟನ್ನೂ ಹಚ್ಚಬೇಕಂತೆ. ಮೊದಲ ದಿನ ಅಷ್ಟನ್ನೂ ಒಟ್ಟಿಗೆ ಬಳಿದುಕೊಂಡೆ. ಕನ್ನಡಿಯಲ್ಲಿ ಸುಣ್ಣ ಹೊಡೆದ ಗೋಡೆಯೊಂದು ನನ್ನ ಕಣ್ಣುಗಳಿಂದ ನನ್ನನ್ನೇ ನೋಡುತ್ತಿತ್ತು. ಅತ್ತೆಗೆ ಕಾಫಿ ಕೊಡಲು ಹೋದೆ. ನನ್ನನ್ನು ಕಂಡವರೇ ಲೋಟ ಕೆಳಗಿಟ್ಟು ಎರಡೂ ಕೈ ಜೋಡಿಸಿದರು. "ಹಣೆಗೆ ಮೂರು ಬೆರಳು ಎಳ್ಕೊಳ್ಳೇ ಅಂದ್ರೆ ಮುಖ ತಿರುಗಿಸ್ತಿದ್ದೆ. ಇವತ್ತು ಸೋಮವಾರ ಅಂತ ಮುಖಕ್ಕೆಲ್ಲ ವಿಭೂತಿ ಧಾರಣೆ ಮಾಡಿದ್ದೀಯಲ್ಲ, ಒಳ್ಳೇದಾಗಲಿ ತಾಯಿ" ಎಂದರು. ಮದುವೆಯಾಗಿ ಬಂದಾಗಿನಿಂದ ಅತ್ತೆ ನನ್ನನ್ನು ಮೆಚ್ಚಿದ ದಿನಗಳು ಕಡಿಮೆ. ಅದನ್ನು ಸನ್‌ಸ್ಕ್ರೀನ್ ಎಂದು ಹೇಳಿ ಹಾಳು ಮಾಡಲು ಮನಸ್ಸಾಗಲಿಲ್ಲ. ಆದರೆ ಮಂಗಳವಾರವೂ ಮುಖ ಬೆಳ್ಳಗಿದ್ದುದನ್ನು ಕಂಡು ಅವರಿಗೆ ಅನುಮಾನ ಬಂದು, ಹತ್ತಿರ ಕರೆದು ಮೂಸಿ ನೋಡಿದರು. "ವಿಭೂತಿಗೆ ಯಾಕೆ ಹೀಗೆ ಸೆಂಟಿನ ವಾಸನೆ?" ನಿಜ ಹೇಳಬೇಕಾಯಿತು. ಆಮೇಲೆ ಒಂದು ವಾರ ನನಗೆ ಭಕ್ತಿಯೇ ಇಲ್ಲವೆಂದು ಮಾತಿನ ನಡುವೆ ಬರುತ್ತಿತ್ತು. ನಾನು ಮಾತ್ರ ಅಷ್ಟಷ್ಟೇ ಚುಕ್ಕಿಯಿಟ್ಟು, ಮೆಲ್ಲಗೆ ಸವರಿ, ಅದು ಇಂಗುವವರೆಗೆ ಕಾಯುವುದನ್ನು ಕಲಿತೆ. ಚಪಾತಿ ಹಿಟ್ಟು ನಾದಿ ಬಿಟ್ಟ ಹಾಗೆ, ಇದಕ್ಕೂ ಕೊಂಚ ಬಿಡುವು ಬೇಕು.

ಕಾದದ್ದಕ್ಕೆ ಫಲ ಸಿಕ್ಕಿತು. ಸೀಮಂತದ ಹೊತ್ತಿಗೆ ಕೆನ್ನೆಯ ಬಿರಿತ ನಿಂತಿತ್ತು, ಮೂಗು ಸಭ್ಯವಾಗಿತ್ತು. ಒಂದು ಜೋಕಿಗೆ ಪೂರ್ತಿ ನಕ್ಕು ನೋಡಿದೆ, ಏನೂ ಆಗಲಿಲ್ಲ. ಅಂದು ಬೆಳಿಗ್ಗೆ ಬಸ್ಸಿನಲ್ಲಿ ಬಿಸಿಲು ಬೀಳದ ಕಡೆಯ ಸೀಟೇ ಬೇಕೆಂದು ಹಟ ಮಾಡಿ ಕೂತೆ. ನಮ್ಮ ಮನೆಯವರು ಬಿಸಿಲಿನ ಕಡೆ ಕೂತು, ದಾರಿಯುದ್ದಕ್ಕೂ ಟವೆಲ್ಲನ್ನು ತಲೆಯ ಮೇಲೆ ಹೊದ್ದುಕೊಂಡು, "ಮುಖ ಇರೋದು ನಿನಗೊಬ್ಬಳಿಗೇ ನೋಡು" ಎಂದು ಗೊಣಗಿದರು.

ನ್ಯೂಟೌನಿನ ಮನೆಯ ಮುಂದೆ ಶಾಮಿಯಾನ. ಚಪ್ಪಲಿ ಬಿಟ್ಟೆ. ಅಕ್ಕ ಬಂದಳು. ನನ್ನ ಮುಖ ನೋಡಿದಳು. ಅವಳು ಬಾಯಿ ತೆರೆದು, ಹಳೆಯ ಪ್ರಶ್ನೆಗೆ ಜಾಗ ಸಿಗದೆ, ಮುಚ್ಚಿಕೊಂಡಳು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯ ಸೆಲ್ವಿ ನನ್ನನ್ನೂ ಅಕ್ಕನನ್ನೂ ನೋಡಿ, "ನಿಮ್ಮ ತಂಗೀನಾ ಗಿರಿಜಮ್ಮ? ನಾನು ಇವ್ರನ್ನ ರೂಪಾನ ಫ್ರೆಂಡ್ ಅಂದ್ಕೊಂಡೆ" ಎಂದುಬಿಟ್ಟಳು. ಒಳ್ಳೆಯ ಹೆಂಗಸು. ಆದರೆ ಒಂದು ಮಾತು ಹೆಚ್ಚಾಯಿತು. ಅಕ್ಕನಿಗೂ ನನಗೂ ಎರಡೇ ವರ್ಷದ ಅಂತರ.

ಅಕ್ಕ ನನ್ನ ತೋಳು ಹಿಡಿದಳು. "ಚೆನ್ನಾಗೇ ಇದ್ದೀಯಲ್ಲೇ. ನಾನು ಏನೋ ಅಂದ್ಕೊಂಡಿದ್ದೆ. ಬಾ ಒಳಗೆ, ಹೋಳಿಗೆ ಕಾವಲಿ ಮುಂದೆ ನಿಲ್ಲೋಕೆ ಜನ ಇಲ್ಲ."

"ಅಕ್ಕ, ಈಗಷ್ಟೇ ಬಂದಿದ್ದೀನಿ."

"ಬಂದಿದ್ದೀಯ ಅಂತಾನೇ ಹೇಳ್ತಿರೋದು. ರೂಪಾನ ಫ್ರೆಂಡು ಇಷ್ಟೂ ಮಾಡಲ್ವಾ?"

ಆಗ ನನಗೆ ಹೊಳೆದದ್ದನ್ನು ಇಲ್ಲಿ ಬರೆಯಲೇಬೇಕು. ಇಷ್ಟು ವರ್ಷ ಯಾವ ಮನೆಯ ಸಮಾರಂಭಕ್ಕೆ ಹೋದರೂ, ಹುಷಾರಿಲ್ವಾ ಎಂದು ಕೇಳಿದವರು ಅದರ ಹಿಂದೆಯೇ ಫ್ಯಾನಿನ ಕೆಳಗಿನ ಕುರ್ಚಿ ತೋರಿಸುತ್ತಿದ್ದರು. ಪಾನಕ ತಂದುಕೊಡುತ್ತಿದ್ದರು. ಯಾರಾದರೂ ಕೆಲಸ ಹೇಳಿದರೆ ಬೇರೆಯವರು, "ಅವಳನ್ನ ಬಿಡಿ, ಪಾಪ" ಎನ್ನುತ್ತಿದ್ದರು. ನನ್ನ ಒಡಹುಟ್ಟಿದವಳ ಮನೆಯಲ್ಲಿ ಹೋಳಿಗೆ ಯಾರು ಬೇಯಿಸುತ್ತಾರೆ ಎಂಬುದನ್ನು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಹುಷಾರಾಗಿರುವವರು ಬೇಯಿಸುತ್ತಾರೆ. ಅಂದು ನಾನು ಬೇಯಿಸಿದೆ. ಶಾಮಿಯಾನದಲ್ಲಿ ರೂಪಾಳಿಗೆ ಬಳೆ ತೊಡಿಸುವ ಹಾಡು ಕೇಳುತ್ತಿತ್ತು, ನಾನು ಹಿತ್ತಲಿನಲ್ಲಿ ಹೋಳಿಗೆ ಮಗುಚುತ್ತಿದ್ದೆ. ಬೆಂಕಿಯ ಝಳಕ್ಕೆ ಸನ್‌ಸ್ಕ್ರೀನ್ ಕರಗಿ ಕಣ್ಣಿಗಿಳಿಯಿತು. ಒಣ ಬಟಾಣಿಯೂ ನೆನೆದ ಬಟಾಣಿಯೂ ಒಂದಾಗಿ ಗದ್ದದಿಂದ ತೊಟ್ಟಿಕ್ಕಿದವು. ಫೋಟೋಗೆ ಕರೆದಾಗ ನನ್ನ ಮುಖದಲ್ಲಿ ಹಣೆ ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ, ಎಲ್ಲವೂ ಒಂದೇ ಸಮ ಹೊಳೆಯುತ್ತಿತ್ತು. ಅಂದು ಯಾರೂ ನನ್ನನ್ನು ಹುಷಾರಿಲ್ವಾ ಎಂದು ಕೇಳಲಿಲ್ಲ. "ಇನ್ನೊಂದು ಕಣಕದ ಉಂಡೆ ಇದೆ ನೋಡು" ಎಂದರು.

ಮಗು ಹುಟ್ಟಿತು, ನಾಮಕರಣಕ್ಕೆ ಕರೆ ಬಂತು. ಫೋನಿನಲ್ಲಿ ಮಗುವಿನ ತೂಕ ಕೇಳುವ ಮೊದಲು, "ಅಡುಗೆಗೆ ಯಾರು?" ಎಂದು ಕೇಳಿದೆ. "ಯಾರು ಅಂದ್ರೆ? ನಾವೇ ಮಾಡ್ಕೊಳ್ಳೋದು. ಹೋಳಿಗೇನೇ" ಎಂದಳು ಅಕ್ಕ. ಒಂದು ವಾರ ಮುಂಚೆ ಕ್ರೀಮು, ಸನ್‌ಸ್ಕ್ರೀನುಗಳನ್ನು ಬೀರುವಿನೊಳಗಿಟ್ಟು, ಬಟ್ಟೆ ಸೋಪಿಗಿಂತ ಒಂದು ಮೆಟ್ಟಿಲು ಮೇಲಿನ ಸೋಪಿನಲ್ಲಿ ಮುಖ ತೊಳೆಯತೊಡಗಿದೆ. ಕೆನ್ನೆಗಳು ಹಳೆಯ ಸ್ಥಿತಿಗೆ ಬರಲು ತಡ ಮಾಡಲಿಲ್ಲ. ಬಸ್ಸಿನಲ್ಲಿ ಬಿಸಿಲಿನ ಕಡೆಯ ಸೀಟನ್ನು ನಾನೇ ಕೇಳಿ ಪಡೆದೆ. ಚಪ್ಪಲಿ ಬಿಡುತ್ತಿದ್ದಂತೆಯೇ ಅಕ್ಕ ಓಡಿಬಂದು, "ಅಯ್ಯೋ ಇವಳೇ, ಹುಷಾರಿಲ್ವೇನೇ?" ಎಂದಳು. ಆ ಮಾತು ಇಷ್ಟು ಇಂಪಾಗಿದೆಯೆಂದು ನನಗೆ ಗೊತ್ತಿರಲಿಲ್ಲ. "ಸ್ವಲ್ಪ ಸುಸ್ತು ಅಕ್ಕ" ಎಂದೆ. ಫ್ಯಾನಿನ ಕೆಳಗೆ ಕುರ್ಚಿ ಬಂತು, ಪಾನಕ ಬಂತು, ಮಗುವನ್ನೂ ತಂದು ತೊಡೆಯ ಮೇಲೆ ಮಲಗಿಸಿದರು. ಹಿತ್ತಲಿನಿಂದ ತುಪ್ಪದ ಘಮ ಬರುತ್ತಿತ್ತು. ಬೇರೆ ಯಾರೋ ಬೇಯಿಸುತ್ತಿದ್ದರು.

ಊಟಕ್ಕೆ ನಮ್ಮ ಮನೆಯವರ ಪಕ್ಕದಲ್ಲಿ ಎಲೆ ಹಾಕಿದರು. ಹೋಳಿಗೆಯ ತಟ್ಟೆ ಹಿಡಿದು ಸೆಲ್ವಿ ನನ್ನ ಎಲೆಯ ಮೇಲೆ ಬಗ್ಗಿದಳು. ದೂರದಿಂದ ಅಕ್ಕ, "ಅವಳಿಗೆ ಬೇಡ ಸೆಲ್ವಿ. ಹುಷಾರಿಲ್ಲ ಅವಳಿಗೆ. ತಿಳಿಸಾರು, ಬಿಸಿ ಅನ್ನ ಹಾಕು ಸಾಕು" ಎಂದಳು. ನನಗೇನೂ ಆಗಿಲ್ಲ ಎಂದು ನಾನು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. "ಪಾಪ, ಸಂಕೋಚ" ಎಂದರು. ನಮ್ಮ ಮನೆಯವರು ನನ್ನ ಪಾಲನ್ನೂ ತಮ್ಮ ಎಲೆಗೆ ಹಾಕಿಸಿಕೊಂಡು, ಮೇಲೆ ತುಪ್ಪ ಬಿಡಿಸಿಕೊಂಡು, ನಿಧಾನವಾಗಿ ಮುರಿಯತೊಡಗಿದರು. ಅವರ ಮುಖ ಹಣೆಯಿಂದ ಗದ್ದದವರೆಗೆ ಎಂಥ ಕಾಂತಿಯಿಂದ ಹೊಳೆಯುತ್ತಿತ್ತೆಂದರೆ, ನಾನು ಸಾರನ್ನ ಕಲಸುತ್ತ ಅದನ್ನೇ ನೋಡುತ್ತಿದ್ದೆ.