ಮಗ್ಗದ ಮಾತ್ರೆ

ಜಮಖಂಡಿಯಲ್ಲಿ ಹುಟ್ಟಿದವಳನ್ನು ಬನಹಟ್ಟಿಗೆ ಕೊಡಬಾರದು. ಕೊಟ್ಟರೂ ಹಿತ್ತಲಲ್ಲಿ ಪವರ್‌ಲೂಮ್ ಇರುವ ಮನೆಗೆ ಕೊಡಬಾರದು. ನನ್ನ ಅಪ್ಪ ಜಮಖಂಡಿ ಕೋರ್ಟಿನ ವಕೀಲರು. ಎದುರಿನವರಿಗೆ ಅಡ್ಡಪ್ರಶ್ನೆ ಹಾಕಿ ಬೆವರಿಳಿಸುವವರು, ಮಗಳಿಗೆ ವರನನ್ನು ನೋಡಲು ಹೋದ ದಿನ ಮಾತ್ರ ಒಂದು ಪ್ರಶ್ನೆ ಕೇಳಲು ಮರೆತರು. ಅವತ್ತು ಬನಹಟ್ಟಿಯಲ್ಲಿ ಕರೆಂಟ್ ಇರಲಿಲ್ಲ. "ಎಷ್ಟು ಶಾಂತ ಮನಿ" ಎಂದು ಮೆಚ್ಚಿಕೊಂಡು, ಸಕ್ಕರೆ ಹಂಚಿ ಮದುವೆ ಗಟ್ಟಿ ಮಾಡಿ ಬಂದುಬಿಟ್ಟರು.

ಕರೆಂಟ್ ಬಂದದ್ದು ನನ್ನ ಮದುವೆಯಾದ ಮೇಲೆ. ಅಂದಿನಿಂದ ನಮ್ಮ ದಾಂಪತ್ಯದ ಸಂಭಾಷಣೆಯೆಲ್ಲ ಗಂಟಲು ಹರಿಯುವಂತೆ ನಡೆಯುತ್ತದೆ. "ಚಹಾ ಮಾಡಲೇನ್ರಿ" ಎಂಬ ಪ್ರೀತಿಯ ಮಾತನ್ನೂ ಓಣಿಗೆ ಕೇಳುವಂತೆ ಹೇಳಬೇಕು. (ಎದುರು ಮನೆಯ ಪಾಂಡಪ್ಪ ಕಾಕಾ "ನನಗೂ ಅರ್ಧಾ ಕಪ್" ಎನ್ನುತ್ತಾರೆ.) ಹೀಗಿರುವಾಗ ನಾನು ಉತ್ತರಪತ್ರಿಕೆ ತಿದ್ದುವುದು ಹೇಗೆ? ನಾನು ಇಲ್ಲಿಯ ಶಾಲೆಯಲ್ಲಿ ಏಳನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಮಗ್ಗ ಮನೆಯಿಂದ ಹೋಗಬೇಕು ಎಂದು ಪಟ್ಟು ಹಿಡಿದು ವರ್ಷಗಳೇ ಕಳೆದಿದ್ದವು.

ಅಷ್ಟರಲ್ಲಿ ಜಮಖಂಡಿಯಲ್ಲಿ ಮಾದರಿ ಪಾಠ ಮಾಡಬೇಕೆಂದು ನನಗೆ ಆದೇಶ ಬಂತು. ವಿಷಯ: ಕ್ರಿಯಾಪದದ ಬಗೆಗಳು ಮತ್ತು ಛಂದಸ್ಸಿನ ಪರಿಚಯ. ನನ್ನ ತಲೆಯಲ್ಲಿ ದೀಪ ಹೊತ್ತಿತು.

"ನೋಡ್ರಿ, ಜಮಖಂಡ್ಯಾಗ ನನ್ನ ಪಾಠಕ್ಕ ಶಹಬ್ಬಾಸ್ ಅಂದ್ರ ಮಗ್ಗ ಈ ಮನಿ ಬಿಟ್ಟು ಹೋಗಬೇಕು" ಎಂದೆ ಗಂಡನಿಗೆ.

ಅಮೋಲ ಕೈಯಲ್ಲಿದ್ದ ನೂಲಿನ ಕಂಡಿಕೆ ಕೆಳಗಿಟ್ಟರು. "ಆತು. ಪರಮಾನಂದಣ್ಣನ ಶೆಡ್ ಖಾಲಿ ಐತಿ, ಅಲ್ಲಿಗೆ ಒಯ್ತೇನಿ. ಅನ್ನಲಿಲ್ಲಂದ್ರ?"

"ಅನ್ನಲಿಲ್ಲಂದ್ರ ಇನ್ನ ಮ್ಯಾಲೆ ಮಗ್ಗದ ಸುದ್ದಿನೇ ಎತ್ತಂಗಿಲ್ಲ."

"ಸಾಕ್ಷಿಗೆ ನಾ ಅದೇನಿ" ಎಂದರು ಮೂಲೆಯಲ್ಲಿದ್ದ ಅತ್ತೆ ಅನ್ನವ್ವ. ಯಾರ ಪರ ಸಾಕ್ಷಿ ಎಂದು ನಾನು ಕೇಳಲಿಲ್ಲ.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಮಕ್ಕಳು ನಮ್ಮ ಪಡಸಾಲೆಗೆ ಬರತೊಡಗಿದರು. ಕ್ರಿಯಾಪದ ಸಲೀಸಾಗಿ ಹತ್ತಿತು. "ಕ್ರಿಯಾಪದಕ್ಕ 'ಏನನ್ನು' ಅಂತ ಕೇಳ್ರಿ. ಉತ್ತರ ಬಂದ್ರ ಸಕರ್ಮಕ, ಬರಲಿಲ್ಲಂದ್ರ ಅಕರ್ಮಕ" ಎಂದು ಹೇಳಿಕೊಟ್ಟೆ. ಗಂಗಾರಾಮ ಎಂಬ ಹುಡುಗ ಮೂಲೆಯತ್ತ ನೋಡಿ, "ಅಜ್ಜಿ ಚಹಾ ಕುಡದಳು, ಸಕರ್ಮಕರಿ. ಅಜ್ಜಿ ಮಲಗಿದಳು, ಅಕರ್ಮಕರಿ" ಎಂದ.

"ನಾ ಮಲಗಿಲ್ಲಲೇ" ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ.

ತೊಡಕಾದದ್ದು ಲಘು ಗುರುವಿನಲ್ಲಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಎಷ್ಟು ಬಡಿದುಕೊಂಡರೂ ಮಕ್ಕಳ ಲೆಕ್ಕ ಬೆರಳಿಂದ ಬೆರಳಿಗೆ ಜಾರಿ ಮಾಯವಾಗುತ್ತಿತ್ತು. ನಾನೇ ಕಟ್ಟಿದ ಎರಡು ಸಾಲು ಬರೆಸಿದ್ದೆ: "ಕಬ್ಬಿಗೆ ಕೃಷ್ಣೆಯ ನೀರಿನ ಕಾಲುವೆ, ಹಬ್ಬಕೆ ಅಕ್ಕನ ರೇಷ್ಮೆಯ ಕುಪ್ಪಸ." ಎರಡೂ ಸಾಲಿನ ಎರಡನೇ ಅಕ್ಷರ ಒಂದೇ, ಅದು ಪ್ರಾಸ ಎಂಬುದು ಅವರಿಗೆ ತಿಳಿಯಿತು. ಮಾತ್ರೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ನಾನು ಸೋತು ಸುಮ್ಮನಾದೆ. ಆಗ ಹಿತ್ತಲ ಮಗ್ಗ ಕೇಳಿಸಿತು. ಧಡ್ ಖಟ, ಧಡ್ ಖಟ. ಒಂದು ಗುರು, ಎರಡು ಲಘು. ಕಬ್ಬಿಗೆ, ಕೃಷ್ಣೆಯ, ನೀರಿನ, ಕಾಲುವೆ. ಶತ್ರು ಸಾಕ್ಷಾತ್ ಛಂದಸ್ಸಿನಲ್ಲಿ ಮಾತಾಡುತ್ತಿದ್ದ.

ಹುಟ್ಟಿದಾಗಿನಿಂದ ಆ ಸದ್ದು ಕೇಳಿದ ಮಕ್ಕಳು ಕ್ಷಣದಲ್ಲಿ ಹಿಡಿದರು. ಮಗ್ಗದ ಏಟಿಗೆ ಸರಿಯಾಗಿ ತೊಡೆ ತಟ್ಟಿ ಗಣ ವಿಂಗಡಿಸುತ್ತಿದ್ದರು. ನನಗೋ ಒಳಗೊಳಗೇ ನಗು. ಮಗ್ಗವನ್ನು ಮನೆಯಿಂದ ಓಡಿಸಲು ಮಗ್ಗವನ್ನೇ ದುಡಿಸಿಕೊಳ್ಳುವ ಚಾಣಾಕ್ಷತನ ಎಲ್ಲರಿಗೂ ಎಲ್ಲಿ ಬರಬೇಕು?

ನಡುವೆ ಕರೆಂಟ್ ಹೋದರೆ ಪಾಠವೂ ನಿಲ್ಲುತ್ತಿತ್ತು. ಬನಹಟ್ಟಿಯಲ್ಲಿ ಮಗ್ಗ ನಿಂತರೆ ಯಾರೂ ಒಳಗೆ ಕೂರುವುದಿಲ್ಲ. ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಮನೆ ಮುಂದಿನ ಕಟ್ಟೆಗೆ ಬಂದು ಕೂರುತ್ತಾರೆ, ಸದ್ದು ಬಂದ ಮೇಲೆ ಎದ್ದು ಹೋಗುತ್ತಾರೆ. ಅತ್ತೆಯ ಹಿಂದೆ ಮಕ್ಕಳೂ ಕಟ್ಟೆಗೆ ಹೋಗುತ್ತಿದ್ದರು. ನಾನು ತಡೆಯಲಿಲ್ಲ. ನಾನೊಬ್ಬಳೇ ಒಳಗೆ ಆ ಮೌನವನ್ನು ಚಪ್ಪರಿಸುತ್ತ ಪತ್ರಿಕೆ ತಿದ್ದುತ್ತಿದ್ದೆ.

ಮಾದರಿ ಪಾಠದ ದಿನ ಅಮೋಲ ತಮ್ಮ ಟೆಂಪೋದಲ್ಲೇ ಮಕ್ಕಳನ್ನು ಜಮಖಂಡಿಗೆ ಕರೆತಂದು ಹಿಂದಿನ ಸಾಲಿನಲ್ಲಿ ಕುಳಿತರು. ಮುಂದಿನ ಸಾಲಿನಲ್ಲಿ ಶಿಕ್ಷಣ ಇಲಾಖೆಯ ಸಾಹೇಬರು, ಪಕ್ಕದಲ್ಲಿ ಮಗಳ ಪಾಠ ನೋಡಲು ಬಂದ ನನ್ನ ಅಪ್ಪ. ಕ್ರಿಯಾಪದಕ್ಕೆ ಮಕ್ಕಳೆಲ್ಲ ಒಟ್ಟಿಗೆ ಕೂಗಿ ಉತ್ತರ ಕೊಟ್ಟರು, ಸಾಹೇಬರು ತಲೆದೂಗಿದರು. ನಾನು ಬೋರ್ಡಿನ ಮೇಲೆ ಕಬ್ಬು, ಕಾಲುವೆಯ ಆ ಎರಡು ಸಾಲು ಬರೆದು "ಗಣ ವಿಂಗಡಿಸ್ರಿ" ಎಂದು ತಿರುಗಿದೆ.

ಮಕ್ಕಳು ತೊಡೆ ತಟ್ಟಲು ಕೈ ಎತ್ತಿದ್ದರು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಎಲ್ಲರೂ ಕಿವಿಗೊಟ್ಟು ಕಾಯುತ್ತಿದ್ದರು. ಸಭಾಂಗಣದಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಮೊದಲು ಅಕ್ಷತಾ ಎಂಬ ಹುಡುಗಿ ಎದ್ದಳು. ಅವಳ ಹಿಂದೆ ಉಳಿದವರು. ಶಿಸ್ತಾಗಿ ಸಾಲು ಮಾಡಿ ಹೊರಗೆ ನಡೆದು, ಸಭಾಂಗಣದ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಯಾಕ ಹೊರಗ ಕುಂತ್ರಿ ನೀವೆಲ್ಲಾ?" ಎಂದರು ಸಾಹೇಬರು.

"ಕರೆಂಟ್ ಹೋಗೈತಲ್ರಿ ಸರ್" ಎಂದಳು ಅಕ್ಷತಾ.

"ಫ್ಯಾನ್ ತಿರಗಾಕತ್ತಾವಲ್ಲ?"

"ಮಗ್ಗದ ಸಪ್ಪಳ ಇಲ್ರಿ."

ಅಪ್ಪ ತಲೆ ತಗ್ಗಿಸಿದರು. ಹಿಂದಿನ ಸಾಲಿನಲ್ಲಿ ಗಂಡನ ಭುಜ ಕುಣಿಯುತ್ತಿತ್ತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು, ಅದರೊಂದಿಗೆ ಎಲ್ಲಿಲ್ಲದ ಹಟವೂ ಬಂತು. ಸೆರಗು ಸಿಕ್ಕಿಸಿದೆ. ನೆಲಕ್ಕೆ ಕಾಲು ಅಪ್ಪಳಿಸಿ, ಡಸ್ಟರಿನಿಂದ ಮೇಜು ಕುಟ್ಟಿದೆ. ಧಡ್ ಖಟ, ಧಡ್ ಖಟ.

"ಕರೆಂಟ್ ಬಂತು" ಎಂದು ಮಕ್ಕಳು ಓಡಿ ಬಂದರು. ತೊಡೆ ತಟ್ಟಿದರು, ಗಣ ಬಿಡಿಸಿದರು, ಪ್ರಾಸ ತೋರಿಸಿದರು, ಒಂದೂ ತಪ್ಪಲಿಲ್ಲ. ಆದರೆ ನಾನು ಕಾಲು ನಿಲ್ಲಿಸಿದರೆ ಅವರ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಹೀಗೆ ಪಾಠ ಮುಗಿಯುವವರೆಗೂ, ನಾನು ಹುಟ್ಟಿದ ಊರಿನಲ್ಲಿ, ನನ್ನ ಹೆತ್ತಪ್ಪನ ಎದುರು, ನಾನು ಮಗ್ಗವಾಗಿ ನಡೆದೆ.

"ಶಹಬ್ಬಾಸ್" ಎಂದರು ಸಾಹೇಬರು. "ಮುಂದಿನ ತಿಂಗಳು ನಮ್ಮ ಕನ್ನಡ ಶಿಕ್ಷಕರೆಲ್ಲಾ ನಿಮ್ಮ ಮನಿಗೆ ಬಂದು ಈ ಪಾಠ ನೋಡ್ತಾರ. ಖರೆ ಮಗ್ಗದ ಮುಂದನ ಆಗಬೇಕು ನೋಡ್ರಿ."

ಮನೆಗೆ ಬಂದಾಗ ಗಂಡ ಮುಖ ಗಂಭೀರ ಮಾಡಿಕೊಂಡು ಕೇಳಿದರು: "ನಾ ಮಾತಿಗೆ ತಪ್ಪಾವಲ್ಲ. ನಾಳೆ ಮಗ್ಗ ಎತ್ತೂಣೇನು?"

"ಮುಂದಿನ ತಿಂಗಳ ತನಕ ಇರ್ಲಿ ಬಿಡ್ರಿ."

"ಆಮ್ಯಾಲೆ?"

"ಪರೀಕ್ಷಿ ಮುಗೀಲಿ."

ಅವರು ಕಂಡಿಕೆ ಎತ್ತಿಕೊಂಡು ಹಿತ್ತಲಿಗೆ ಹೋದರು. ಏನಾದರೂ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಭಾನುವಾರ ಪತ್ರಿಕೆ ತಿದ್ದಲು ಕೂತಿದ್ದೆ. ಕರೆಂಟ್ ಹೋಯಿತು. ಮನೆಯಿಡೀ ಶಾಂತ, ನನ್ನ ಅಪ್ಪ ಮೆಚ್ಚಿದ್ದ ಅದೇ ಶಾಂತಿ. ಪೆನ್ನು ಹಿಡಿದೆ, ಓಡಲಿಲ್ಲ. ಒಂದೇ ಉತ್ತರವನ್ನು ಮತ್ತೆ ಮತ್ತೆ ಓದಿದೆ. ಕೊನೆಗೆ ಎದ್ದು ಹೊರಗೆ ಹೋದೆ. ಕಟ್ಟೆಯ ಮೇಲೆ ಅತ್ತೆ ಮೊದಲೇ ಕುಳಿತಿದ್ದರು. ಸ್ವಲ್ಪ ಸರಿದು ಜಾಗ ಕೊಟ್ಟರು.

"ಯಾಕವ್ವಾ ಶೀತಲ, ಒಳಗ ಶಾಂತ ಐತಲ್ಲ?"

ನಾನು ಓಣಿಯ ತುದಿಯ ಕಂಬದ ಕಡೆ ನೋಡುತ್ತ ಕೇಳಿದೆ: "ಕರೆಂಟ್ ಯಾವಾಗ ಬರ್ತೈತ್ರಿ ಅತ್ತೀ?"